ಕೇಳದೆ ಕೊಡುವ ದಾನ

ನಮ್ಮ ಸಮಾಜವು ದಾನಶೀಲವೆಂಬ ಕೀರ್ತಿಯನ್ನು ಬಹುಕಾಲದಿಂದ ಪಡೆದುಬಂದಿದೆ. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳ ಹೆಸರನ್ನು ನಮ್ಮ ಮನೆಯ ಮಕ್ಕಳೂ ಬಾಯಿಪಾಠವಾಗಿ ಒಪ್ಪಿಸಬಲ್ಲರು. ಮಹಾವೀರ ಜಯಂತಿಯ ದಿನ ಅಂಗವಿಕಲರಿಗೆ ಗಾಲಿಕುರ್ಚಿ, ಊರುಗೋಲು, ಶ್ರವಣಯಂತ್ರಗಳನ್ನು ಹಂಚುವ ಪದ್ಧತಿಯೂ ನಮ್ಮಲ್ಲಿ ಬೆಳೆದಿದೆ. ಇದೆಲ್ಲ ಸಂತೋಷದ ಸಂಗತಿಯೇ ಸರಿ. ಆದರೆ ಒಂದು ಪ್ರಶ್ನೆಯನ್ನು ಟ್ರಸ್ಟುಗಳ ಮುಂದೆ ಇಡಬೇಕಾಗಿದೆ. ಅಂಗವಿಕಲ ಮಕ್ಕಳಿಗಾಗಿ ಹಣ ವಿನಿಯೋಗಿಸುವ ನಮ್ಮ ಎಷ್ಟು ಸಮಿತಿಗಳಲ್ಲಿ ಅಂತಹ ಮಗುವಿನ ತಾಯಿಯೊಬ್ಬಳು ಸದಸ್ಯಳಾಗಿದ್ದಾಳೆ? ಎಷ್ಟು ಸಭೆಗಳಲ್ಲಿ ಅಂಗವಿಕಲ ತರುಣನೊಬ್ಬನು ಕುಳಿತು ತನ್ನ ಅಭಿಪ್ರಾಯವನ್ನು ಹೇಳಿದ್ದಾನೆ? ನಾನು ಬಲ್ಲಷ್ಟರಲ್ಲಿ ಉತ್ತರವು ಸೊನ್ನೆ. ಈ ಸೊನ್ನೆಯನ್ನು ಸಣ್ಣದೆಂದು ತಿಳಿಯುವವರೊಡನೆ ಈ ಲೇಖನದ ವಾದವಿದೆ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುವುದು ಲೇಸು. ಕೆಲವು ವರ್ಷಗಳ ಹಿಂದೆ ಒಂದು ಟ್ರಸ್ಟಿನ ಖಜಾಂಚಿಯಾಗಿ ಗಾಲಿಕುರ್ಚಿಗಳ ಖರೀದಿಯನ್ನು ನಾನೇ ಮಾಡಿದೆನು. ದರಪಟ್ಟಿ ತರಿಸಿ, ಹೋಲಿಸಿ, ಒಳ್ಳೆಯ ಮಾಲನ್ನೇ ಆರಿಸಿದೆನು. ಸಮಾರಂಭವು ವಿಜೃಂಭಣೆಯಿಂದ ಜರುಗಿತು; ಭಾವಚಿತ್ರಗಳನ್ನು ತೆಗೆಸಿದೆವು. ಎರಡು ವರ್ಷಗಳ ತರುವಾಯ ಬೆಲ್ಲದ ವ್ಯಾಪಾರದ ನಿಮಿತ್ತ ಮೂಡಲಗಿ ತಾಲ್ಲೂಕಿನ ಹಳ್ಳಿಯೊಂದಕ್ಕೆ ಹೋದಾಗ ಒಂದು ಮನೆಯ ದನದ ಕೊಟ್ಟಿಗೆಯಲ್ಲಿ ಆ ಕುರ್ಚಿಗಳಲ್ಲೊಂದನ್ನು ಕಂಡೆನು. ಅದರ ಮೇಲೆ ಮೇವಿನ ಹೊರೆಯಿತ್ತು. ಆ ಮನೆಯ ಹದಿನಾಲ್ಕು ವರ್ಷದ ಹುಡುಗನಿಗೆ ಹುಟ್ಟಿನಿಂದಲೇ ಮಿದುಳಿನ ಪಾರ್ಶ್ವವಾಯು. ನನ್ನ ಮುಖದಲ್ಲಿ ಮೂಡಿದ ಅಸಮಾಧಾನವನ್ನು ಅವನ ತಾಯಿ ಗುರುತಿಸಿದಳು.

“ಸಾವ್ಕಾರ್ರ, ಸಿಟ್ಟಾಗಬ್ಯಾಡ್ರಿ. ಕುರ್ಚಿ ಚಲೋ ಐತ್ರಿ. ಆದ್ರ ನಮ್ಮ ಹೊಸ್ತಿಲಾ ದಾಟೂದಿಲ್ರಿ, ಓಣ್ಯಾಗ ತಿರುಗೂದಿಲ್ರಿ. ಇಂವಾ ಅದರಾಗ ಕುಂತ್ರ ಒಂದ ಕಡೆ ವಾಲತಾನ್ರಿ. ಕೊಡೂ ಮೊದ್ಲ ಒಂದ ಮಾತ ಕೇಳಿದ್ರ ಹೇಳ್ತಿದ್ದೆ” ಎಂದಳು.

ಏನು ಬೇಕಾಗಿತ್ತೆಂದು ಆಗ ಕೇಳಿದೆನು. ಅವಳು ಉತ್ತರ ಕೊಡುವ ಮೊದಲೇ ಮಾತು ಸ್ಪಷ್ಟವಾಗಿ ಬಾರದ ಆ ಹುಡುಗನು ಕೈಯೆತ್ತಿ ಮನೆಯೆದುರಿನ ಕಟ್ಟೆಯನ್ನು ತೋರಿಸಿದನು. ಅಲ್ಲಿ ಓರಗೆಯ ಹುಡುಗರು ಕುಳಿತು ಹರಟುತ್ತಿದ್ದರು. ಅವರ ನಡುವೆ ಕುಳಿತುಕೊಳ್ಳುವುದು ಅವನ ಬಯಕೆ. ಅದಕ್ಕೆ ಬೇಕಾದದ್ದು ಬೆನ್ನಿಗೂ ಪಕ್ಕೆಗೂ ಆಧಾರವಿರುವ, ಊರ ಬಡಿಗನೇ ಮಾಡಬಲ್ಲ ಒಂದು ಮರದ ಪೀಠ ಮತ್ತು ಹೊಸ್ತಿಲಿಗೆ ಒಂದು ಇಳಿಜಾರು ಹಲಗೆ. ನಾವು ಕೊಟ್ಟ ಕುರ್ಚಿಗಿಂತ ಅವೆರಡರ ಬೆಲೆ ಕಡಿಮೆ. ನಮ್ಮ ಟ್ರಸ್ಟಿನ ಲೆಕ್ಕದಲ್ಲಿ ಮಾತ್ರ ಆ ಕುರ್ಚಿಯು ಇಂದಿಗೂ ಧರ್ಮದ ಖರ್ಚೆಂದೇ ದಾಖಲಾಗಿದೆ. ವಾಣಿಜ್ಯ ಪದವೀಧರನಾದ ನಾನು ಲೆಕ್ಕಪತ್ರದಲ್ಲಿ ಒಂದು ಪೈಸೆಯ ವ್ಯತ್ಯಾಸವನ್ನೂ ಬಿಡಲಿಲ್ಲ. ಲೆಕ್ಕದ ಆಚೆಯ ನಷ್ಟವು ಕಣ್ಣಿಗೆ ಬೀಳಲೂ ಇಲ್ಲ.

ದಾನದ ಶ್ರೇಷ್ಠತೆಯು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕನ್ನು ಅವಲಂಬಿಸಿದೆಯೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ತಿಳಿಸಿರುವುದು ವಾಚಕರಿಗೆ ಗೊತ್ತಿದೆ. ನಾವು ದ್ರವ್ಯವನ್ನು ಎಣಿಸುತ್ತೇವೆ, ದಾತೃವಿನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತೇವೆ. ವಿಧಿಯನ್ನೂ ಪಾತ್ರವನ್ನೂ ಮರೆಯುತ್ತೇವೆ. ಮುನಿಗಳಿಗೆ ಆಹಾರ ಕೊಡುವಾಗ ಅವರ ವ್ರತವೇನು, ದೇಹಸ್ಥಿತಿಯೇನು, ಯಾವ ಪದಾರ್ಥವು ಅವರಿಗೆ ಸಲ್ಲುವುದೆಂದು ಎಷ್ಟೊಂದು ಎಚ್ಚರಿಕೆ ವಹಿಸುವ ಶ್ರಾವಕನು, ಅಂಗವಿಕಲ ಬಾಲಕನಿಗೆ ಕೊಡುವಾಗ ಆ ಎಚ್ಚರಿಕೆಯನ್ನು ಏಕೆ ಬಿಟ್ಟುಬಿಡುತ್ತಾನೆ?

ಅನೇಕಾಂತವನ್ನು ವಿವರಿಸುವಾಗ ನಮ್ಮ ಪ್ರವಚನಕಾರರು ಆನೆಯನ್ನು ಮುಟ್ಟಿ ನೋಡಿದ ಕುರುಡರ ದೃಷ್ಟಾಂತವನ್ನು ತಪ್ಪದೆ ಹೇಳುತ್ತಾರೆ. ಟ್ರಸ್ಟಿನ ಸಭೆಯಲ್ಲಿ ಆ ದೃಷ್ಟಾಂತವು ತಿರುವುಮುರುವಾಗುತ್ತದೆ. ವೈದ್ಯರು ಅಂಗವನ್ನು ನೋಡುತ್ತಾರೆ, ಅಧಿಕಾರಿಗಳು ಪ್ರಮಾಣಪತ್ರದ ಶೇಕಡಾವಾರನ್ನು ನೋಡುತ್ತಾರೆ, ನಾವು ಖರ್ಚನ್ನು ನೋಡುತ್ತೇವೆ. ಆ ಬದುಕನ್ನು ಇಪ್ಪತ್ತನಾಲ್ಕು ಗಂಟೆಯೂ ಬಾಳುವವರು ಸಭೆಯ ಹೊರಗೆ ನಿಂತಿರುತ್ತಾರೆ. ಕಣ್ಣಿರುವ ನಾವೇ ಅಲ್ಲಿ ಆನೆಯ ಬಾಲವನ್ನು ಹಿಡಿದು ವಾದಿಸುವವರು.

ಫಲಾನುಭವಿಯು ಆಡಳಿತದಲ್ಲಿ ಪಾಲುಗೊಳ್ಳುವುದು ನಮ್ಮ ಸೀಮೆಗೆ ಹೊಸ ವಿಚಾರವೂ ಅಲ್ಲ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದಂದಿನಿಂದ ಈ ಮಣ್ಣಿಗೆ ಅದರ ಪರಿಚಯವಿದೆ. ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಸ್ಥಾಪನೆಯಾಯಿತು. ಮನೆಯಲ್ಲಿ ದೀಪ ಉರಿಸುವವನೇ ಅದರ ಸದಸ್ಯನಾಗಿ ಆಡಳಿತ ಮಂಡಳಿಯನ್ನು ಚುನಾಯಿಸಬಹುದಾಯಿತು. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಬೆಳೆದವನೇ ಪಾಲುದಾರ. ತೂಕದಲ್ಲಿ ಮೋಸವಾದರೆ, ಬಿಲ್ಲು ತಡವಾದರೆ ಸರ್ವಸಾಧಾರಣ ಸಭೆಯಲ್ಲಿ ಎದ್ದುನಿಂತು ಕೇಳುವ ಹಕ್ಕು ಅವನಿಗಿದೆ. ವಿದ್ಯುತ್ತಿನ ವಿಷಯದಲ್ಲಿ, ಕಬ್ಬಿನ ವಿಷಯದಲ್ಲಿ ನ್ಯಾಯವೆನಿಸಿದ್ದು ಮಗುವಿನ ವಿಷಯದಲ್ಲಿ ಅನಗತ್ಯವೆನಿಸುವುದು ಯಾವ ತರ್ಕ?

ಕಾನೂನು ನಮಗಿಂತ ಮುಂದೆ ಹೋಗಿದೆ. ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತವು 2007ರ ಅಕ್ಟೋಬರಿನಲ್ಲಿ ಅಂಗೀಕರಿಸಿತು. ಅಂಗವಿಕಲರಿಗೆ ಸಂಬಂಧಿಸಿದ ನಿರ್ಣಯಗಳನ್ನು ಕೈಗೊಳ್ಳುವಾಗ ಅವರೊಡನೆ, ಮಕ್ಕಳೂ ಸೇರಿದಂತೆ, ಸಮಾಲೋಚಿಸಬೇಕೆಂದು ಅದರ 4ನೆಯ ವಿಧಿ ಹೇಳುತ್ತದೆ. 1995ರ ಕಾಯ್ದೆಯ ಸ್ಥಾನದಲ್ಲಿ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಏಳು ವಿಧದ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿತು. ಪಾಲಕರು ಮಗನ ಪರವಾಗಿ ನಿರ್ಣಯ ಕೈಗೊಳ್ಳಬೇಕಾದಲ್ಲಿಯೂ ಅವನೊಡನೆ ಕೂಡಿಯೇ ಕೈಗೊಳ್ಳಬೇಕೆಂಬ ಸೀಮಿತ ಪಾಲಕತ್ವದ ತತ್ತ್ವವನ್ನು ಅದು ತಂದಿತು. ಕರ್ನಾಟಕದಲ್ಲಿ ಗ್ರಾಮ ಪಂಚಾಯತಿಯ ಮಟ್ಟದ ಪುನರ್ವಸತಿ ಕಾರ್ಯಕರ್ತರನ್ನು ಅಂಗವಿಕಲರಲ್ಲಿಯೇ ಆರಿಸುವ ಯೋಜನೆಯಿದೆ. ಸರಕಾರದ ಆಚರಣೆಯಲ್ಲಿ ಕೊರತೆಗಳು ಎಷ್ಟೇ ಇರಲಿ, ತತ್ತ್ವವನ್ನು ಅದು ಒಪ್ಪಿದೆ. ಅಹಿಂಸಾಧರ್ಮದ ಟ್ರಸ್ಟುಗಳು ಇನ್ನೂ ಒಪ್ಪಿಲ್ಲ.

ಕೇಳಿದರೆ ಏನು ತಿಳಿಯುವುದೆಂಬುದಕ್ಕೆ ಒಂದೆರಡು ಉದಾಹರಣೆ ಸಾಕು. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲ್ಲೂಕುಗಳು ಶಾಲೆಯ ವಿಷಯದಲ್ಲಿ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಉಳಿದ ಜಿಲ್ಲಾ ಕಚೇರಿಗಳು ಬೆಳಗಾವಿಯಲ್ಲಿವೆ. ಮಗುವಿನ ಶಿಕ್ಷಣಕ್ಕೆ ಒಂದು ದಿಕ್ಕು, ಸೌಲಭ್ಯಕ್ಕೆ ಇನ್ನೊಂದು ದಿಕ್ಕು. ಪ್ರತಿ ಅಲೆದಾಟಕ್ಕೂ ಒಂದು ದಿನದ ಕೂಲಿ ಹೋಗುತ್ತದೆ. ಹೊರಲಾರದಷ್ಟು ಬೆಳೆದ ಮಗುವನ್ನು ಹೊತ್ತು ಬಸ್ಸು ಹತ್ತಬೇಕಾಗುತ್ತದೆ. ನಾವು ವರ್ಷಕ್ಕೊಮ್ಮೆ ಶಿಬಿರ ನಡೆಸುವ ಹಣದಲ್ಲಿ ತಿಂಗಳಿಗೆರಡು ದಿನ ಒಂದು ವಾಹನವನ್ನು ಗೊತ್ತುಮಾಡಿಕೊಟ್ಟಿದ್ದರೆ ಅನೇಕ ಕುಟುಂಬಗಳಿಗೆ ಹೆಚ್ಚು ಪ್ರಯೋಜನವಾಗುತ್ತಿತ್ತು. ಈ ಮಾತನ್ನು ನನಗೆ ಹೇಳಿದವರು ತಾಯಂದಿರು. ಯಾವ ಟ್ರಸ್ಟಿಯೂ ಅಲ್ಲ. ಅವರ ಇನ್ನೊಂದು ಪ್ರಶ್ನೆ ಇನ್ನೂ ಆಳವಾದದ್ದು: ನಾವು ಸತ್ತ ಮೇಲೆ ಇವನನ್ನು ಯಾರು ನೋಡಿಕೊಳ್ಳುವರು? ಬೌದ್ಧಿಕ ವೈಕಲ್ಯ, ಆಟಿಸಂ, ಮಿದುಳಿನ ಪಾರ್ಶ್ವವಾಯು ಹಾಗೂ ಬಹುವಿಧ ವೈಕಲ್ಯವುಳ್ಳವರ ಪಾಲಕತ್ವಕ್ಕಾಗಿಯೇ 1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯ್ದೆಯಾಯಿತು. ಆ ಅರ್ಜಿಯನ್ನು ತುಂಬಿಕೊಡುವವರು ಯಾರೂ ಇಲ್ಲದೆ ಕುಳಿತಿರುವ ಮನೆಗಳಿವೆ. ನಾವು ಅತ್ತ ಮತ್ತೊಂದು ಭೋಜನಶಾಲೆಯ ನಕ್ಷೆ ಮಾಡಿಸುತ್ತಿದ್ದೇವೆ.

ಈಗ ಆಕ್ಷೇಪಗಳಿಗೆ ಬರೋಣ. ತಂದೆತಾಯಿಗಳು ಅನಕ್ಷರಸ್ಥರು, ಭಾವುಕರು, ಆಡಳಿತವನ್ನೇನು ಬಲ್ಲರು ಎಂಬುದು ಮೊದಲನೆಯದು. ನಮ್ಮ ಅಜ್ಜಂದಿರಲ್ಲಿ ಎಷ್ಟು ಜನ ಓದಿದ್ದರು? ಅವರೇ ಪೇಟೆಯನ್ನು ಕಟ್ಟಿದರು, ಬಸದಿಗಳನ್ನು ಉಳಿಸಿದರು. ಮಗುವಿನ ಔಷಧ, ಊಟ, ನಿದ್ರೆ, ಶಾಲೆಯ ಹೊಣೆಯನ್ನು ಕೂಲಿ ಮಾಡುತ್ತಲೇ ಹದಿನೈದು ವರ್ಷ ನಿರ್ವಹಿಸಿದ ಹೆಣ್ಣುಮಗಳಿಗೆ ಆಡಳಿತವನ್ನು ಕಲಿಸಹೊರಡುವುದು ಅವಿವೇಕ.

ಬುದ್ಧಿ ಬೆಳೆಯದ, ಮಾತು ಬಾರದ ಮಕ್ಕಳು ಏನು ಹೇಳಬಲ್ಲರು ಎಂಬುದು ಎರಡನೆಯದು. ಮೂಡಲಗಿ ತಾಲ್ಲೂಕಿನ ಆ ಹುಡುಗನು ಕೈಯೆತ್ತಿ ಕಟ್ಟೆಯನ್ನು ತೋರಿಸಿದ್ದು ಮಾತಲ್ಲವೇ? ಕಿವುಡ ತರುಣನಿಗೆ ಸಂಜ್ಞಾಭಾಷೆಯಿದೆ, ಮಾತು ಬಾರದವರಿಗೆ ಚಿತ್ರಫಲಕಗಳಿವೆ, ಏನೂ ಇಲ್ಲದವರ ಮುಖಭಾವವನ್ನು ಅವರ ತಾಯಿ ಓದಬಲ್ಲಳು. ಇದಕ್ಕೆ ಹೊತ್ತು ಹಿಡಿಯುವುದು ನಿಜ. ಹೂಮಾಲೆಯ ಸತ್ಕಾರಕ್ಕೆ ಎರಡು ಗಂಟೆ ಕೊಡುವ ನಾವು ಇದಕ್ಕೆ ಅರ್ಧ ಗಂಟೆ ಕೊಡಬಾರದೇ?

ಅವರವರ ಪೂರ್ವಕರ್ಮವನ್ನು ಅವರು ಅನುಭವಿಸುತ್ತಿದ್ದಾರೆ ಎಂಬುದು ಮೂರನೆಯದು. ಇದನ್ನು ಸಭೆಯಲ್ಲಿ ಯಾರೂ ಹೇಳರು; ಸಭೆ ಮುಗಿದ ಮೇಲೆ ಚಹಾ ಕುಡಿಯುವಾಗ ಹೇಳುತ್ತಾರೆ. ಕರ್ಮಸಿದ್ಧಾಂತವು ಸ್ವಂತ ಪರಿಣಾಮಗಳನ್ನು ಶೋಧಿಸಿಕೊಳ್ಳಲು ಇದೆ. ನೆರೆಯವನ ಮೇಲೆ ತೀರ್ಪು ಬರೆಯಲು ಅದನ್ನು ಯಾವ ಆಚಾರ್ಯರೂ ಕೊಟ್ಟಿಲ್ಲ. ಅದೇ ಸೂತ್ರಗ್ರಂಥದ ಆರನೆಯ ಅಧ್ಯಾಯವು ಜೀವಿಗಳಲ್ಲಿ ಅನುಕಂಪವನ್ನು ಸಾತಾವೇದನೀಯಕ್ಕೂ, ಪರರಿಗೆ ವಿಘ್ನ ಉಂಟುಮಾಡುವುದನ್ನು ಅಂತರಾಯ ಕರ್ಮಕ್ಕೂ ಕಾರಣವೆಂದು ಹೇಳುತ್ತದೆ. ಬಸದಿಯ ಮೆಟ್ಟಿಲಿಗೆ ಇಳಿಜಾರು ಕಟ್ಟಿಸದೆ ಕಾಲಿಲ್ಲದ ತರುಣಿಯ ಜಿನದರ್ಶನಕ್ಕೆ ವಿಘ್ನ ತಂದವರು ಯಾರು? ಅಲ್ಲಿ ಕರ್ಮಬಂಧವು ಅವಳಿಗೋ ಟ್ರಸ್ಟಿಗಳಿಗೋ ಎಂಬುದನ್ನು ವಿಚಾರವಂತರು ಆಲೋಚಿಸಲಿ. ಅಷ್ಟಮದಗಳಲ್ಲಿ ಶರೀರಮದವೂ ಒಂದೆಂಬುದನ್ನು ಸಮಂತಭದ್ರರ ಶ್ರಾವಕಾಚಾರವನ್ನು ಓದಿದವರಿಗೆ ನೆನಪಿಸಬೇಕಾಗಿಲ್ಲ.

ಫಲಾನುಭವಿಯನ್ನು ಕಂಡು, ಕೇಳಿ ಮಾಡಿದ ಸೇವೆಯು ಹೇಗಿರುವುದೆಂಬುದಕ್ಕೆ ನಿದರ್ಶನಗಳು ದೂರದಲ್ಲಿಲ್ಲ. 1960ರ ದಶಕದ ಕೊನೆಯಲ್ಲಿ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ. ಕೆ. ಸೇಠಿಯವರು ಕೃತಕ ಪಾದವೊಂದನ್ನು ರೂಪಿಸಿದರು. ಪರದೇಶದ ಮಾದರಿಯ ಕಾಲು ಧರಿಸಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳಲು, ಕುಕ್ಕರಗಾಲಿನಲ್ಲಿ ಕೂರಲು, ಬರಿಗಾಲಿನಲ್ಲಿ ಹಸಿ ಹೊಲದಲ್ಲಿ ನಡೆಯಲು ನಮ್ಮ ರೈತನಿಗೆ ಆಗುತ್ತಿರಲಿಲ್ಲ. ಅವನ ಬಾಳುವೆಯನ್ನು ನೋಡಿ ಪಾದವನ್ನು ಮಾಡಿದ್ದರಿಂದಲೇ ಅದು ನಡೆಯಿತು. 1975ರಲ್ಲಿ ಡಿ. ಆರ್. ಮೆಹತಾರವರು ಆ ಪಾದವನ್ನು ಬಡವರಿಗೆ ಉಚಿತವಾಗಿ ತಲುಪಿಸಲು ಸ್ಥಾಪಿಸಿದ ಸಮಿತಿಗೆ ಭಗವಾನ್ ಮಹಾವೀರರ ಹೆಸರಿದೆ. ಇತ್ತ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳೂ, 2010ರಲ್ಲಿ ದಿವಂಗತರಾಗುವವರೆಗೆ ಅದನ್ನು ನಡೆಸಿದ ಪುಟ್ಟರಾಜ ಗವಾಯಿಗಳೂ ಸ್ವತಃ ಅಂಧರು. ಅಂಧ ಬಾಲಕನಿಗೆ ಏನು ಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಸಮರ್ಥನಂ ಸಂಸ್ಥೆಯನ್ನು ಸ್ಥಾಪಿಸಿದವರಲ್ಲಿ ಒಬ್ಬರಾದ ಮಹಾಂತೇಶ ಕಿವಡಸಣ್ಣವರ ಅವರು ನಮ್ಮ ಬೆಳಗಾವಿ ಜಿಲ್ಲೆಯವರು, ದೃಷ್ಟಿಹೀನರು. ನಾವು ಕೈನೀಡಿ ಎತ್ತಬೇಕೆಂದುಕೊಂಡವರೇ ಸಾವಿರಾರು ಜನರನ್ನು ಎತ್ತಿದ್ದಾರೆ.

ಆದುದರಿಂದ ಮೂರೂ ತಾಲ್ಲೂಕುಗಳ ಟ್ರಸ್ಟುಗಳಿಗೆ ನನ್ನ ಒತ್ತಾಯವಿಷ್ಟು. ಅಂಗವಿಕಲರ ಸೇವೆಗೆ ತೆಗೆದಿರಿಸಿದ ಹಣದ ಸಮಿತಿಯಲ್ಲಿ ಅರ್ಧದಷ್ಟು ಸದಸ್ಯರು ಅಂತಹ ಮಕ್ಕಳ ಪಾಲಕರೂ, ಅಂಗವಿಕಲ ಯುವಕ ಯುವತಿಯರೂ ಆಗಿರಲಿ. ಅವರಿಗೆ ಬರಿಯ ಆಸನವಲ್ಲದೆ ಮತವೂ ಇರಲಿ. ಸಭೆಯನ್ನು ನೆಲಮಹಡಿಯಲ್ಲಿ, ಕೂಲಿಕಾರರಿಗೆ ಬಿಡುವಾಗುವ ಹೊತ್ತಿನಲ್ಲಿ ಕರೆಯಿರಿ. ಬಂದವರ ಬಸ್ ಖರ್ಚನ್ನೂ ಕಳೆದ ಕೂಲಿಯನ್ನೂ ಟ್ರಸ್ಟು ಕೊಡಲಿ. ಯಾವ ವಸ್ತುವನ್ನೇ ಕೊಳ್ಳುವ ಮೊದಲು ಪಡೆಯುವವರ ಮನೆಗೆ ಹೋಗಿ ಹೊಸ್ತಿಲನ್ನೂ ಓಣಿಯನ್ನೂ ನೋಡಿ ಬನ್ನಿರಿ. ಕೊಟ್ಟ ಆರು ತಿಂಗಳಿಗೆ ಮತ್ತೊಮ್ಮೆ ಹೋಗಿ ಅದು ಬಳಕೆಯಲ್ಲಿದೆಯೇ ಎಂದು ವಿಚಾರಿಸಿ, ಕಂಡದ್ದನ್ನು ವಾರ್ಷಿಕ ವರದಿಯಲ್ಲಿ ಪ್ರಕಟಿಸಿರಿ. ದಾನಿಗಳು ಹಿಂಜರಿಯುವರೆಂಬ ಭಯ ಬೇಡ. ವ್ಯಾಪಾರಿಯಾದವನಿಗೆ ಮಾಲು ಕೊಟ್ಟಿಗೆ ಸೇರುವುದಕ್ಕಿಂತ ದೊಡ್ಡ ನಷ್ಟ ಬೇರೊಂದಿಲ್ಲ. ಸತ್ಯವನ್ನು ತಿಳಿಸಿದರೆ ಅವನೇ ಮೊದಲು ಒಪ್ಪುವನು.

1899ರಲ್ಲಿ ದಕ್ಷಿಣ ಭಾರತ ಜೈನ ಸಭೆಯನ್ನು ಕಟ್ಟಿದ ಹಿರಿಯರು ಹಳ್ಳಿಯ ಹುಡುಗರ ಓದಿಗೆ ಅಡ್ಡಿಯೇನೆಂಬುದನ್ನು ಅರಿತು ವಸತಿಗೃಹಗಳನ್ನು ತೆರೆಯಿಸಿದರು. ಅದರ ಫಲವನ್ನು ಉಂಡವರು ನಾವು. ನಮ್ಮ ಸರದಿಯಲ್ಲಿ ನಾವು ಕೇಳಬೇಕಾದವರು ಬಸದಿಯ ಮೆಟ್ಟಿಲ ಕೆಳಗೆ ಇದ್ದಾರೆ.

ಮರದ ಪೀಠವು ಆ ಹುಡುಗನಿಗೆ ತಲುಪಿದೆ. ಹಲಗೆಯನ್ನು ಊರ ಬಡಿಗನು ದುಡ್ಡು ತೆಗೆದುಕೊಳ್ಳದೆ ಜೋಡಿಸಿದನು. ಆ ಹುಡುಗನು ಈಗ ಸಂಜೆ ಕಟ್ಟೆಯ ಬಳಿ ಕುಳಿತಿರುತ್ತಾನೆ. ಅವನ ತಾಯಿಯನ್ನು ಸಮಿತಿಗೆ ಸೇರಿಸಬೇಕೆಂದು ನಾನು ಮಂಡಿಸಿದ ಠರಾವು ಮಾತ್ರ ಎರಡು ಸಭೆಗಳಿಂದ ಮುಂದೂಡಲ್ಪಡುತ್ತಿದೆ. ಮುಂದಿನ ಸಭೆಗೆ ಅವಳನ್ನೂ ಅವನನ್ನೂ ಕರೆದುಕೊಂಡೇ ಹೋಗುವೆನು. ಮುಂದೂಡುವವರು ಅವರ ಮುಖ ನೋಡಿ ಮುಂದೂಡಲಿ.