ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತರೆ ಕೆಳಗೆ ನೀರಿದೆ ಅಂತಲೇ?

ಬೇಸಿಗೆ ಶುರುವಾದರೆ ಸಾಕು, ಈ ವಿಡಿಯೋ ಮತ್ತೆ ಓಡಾಡುತ್ತದೆ. ಹೊಲದಲ್ಲಿ ಒಬ್ಬರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನಿಧಾನಕ್ಕೆ ನಡೆಯುತ್ತಾರೆ. ಒಂದು ಜಾಗಕ್ಕೆ ಬಂದಾಗ ಕಾಯಿ ತಾನಾಗಿ ಎದ್ದು ನಿಲ್ಲುತ್ತದೆ. ಮುಂದಿನ ದೃಶ್ಯದಲ್ಲಿ ಬೋರ್‌ವೆಲ್ ಲಾರಿ, ಆಕಾಶಕ್ಕೆ ಚಿಮ್ಮುವ ನೀರು. ಕೆಳಗೆ ‘ವಿಜ್ಞಾನಕ್ಕೂ ನಿಲುಕದ ಶಕ್ತಿ, ಎಲ್ಲ ರೈತರಿಗೂ ಶೇರ್ ಮಾಡಿ’ ಎಂಬ ಸಾಲು. ಓ ಪಾಸಿಟಿವ್ ರಕ್ತದವರ ಕೈಯಲ್ಲಿ ಮಾತ್ರ ಹೀಗಾಗುತ್ತದೆ ಎಂದೂ ಕೆಲವರು ಸೇರಿಸಿರುತ್ತಾರೆ. (ಓ ಪಾಸಿಟಿವ್ ನಮ್ಮಲ್ಲಿ ಅತಿ ಸಾಮಾನ್ಯ ಗುಂಪುಗಳಲ್ಲಿ ಒಂದು. ಊರಲ್ಲಿ ಹುಡುಕಿದರೆ ಬೇಕಾದಷ್ಟು ಜನ ಸಿಗುತ್ತಾರೆ.)

ಇಂಥ ವಿಡಿಯೋ ಸುಳ್ಳೇ ಆಗಿರಬೇಕಿಲ್ಲ. ಕಾಯಿ ನಿಜವಾಗಿಯೂ ಎದ್ದಿರಬಹುದು, ನೀರು ನಿಜವಾಗಿಯೂ ಬಂದಿರಬಹುದು. ನೋಡಬೇಕಾದದ್ದು ಇವೆರಡಕ್ಕೂ ಸಂಬಂಧ ಇದೆಯೇ ಎಂಬುದನ್ನು.

ಒಂದೇ ಕಾಯಿ, ಎರಡು ಹೊಲ

ಮೈಸೂರು ಜಿಲ್ಲೆಯ ಎರಡು ತಾಲ್ಲೂಕುಗಳನ್ನು ತೆಗೆದುಕೊಳ್ಳೋಣ. ತಿ. ನರಸೀಪುರದಲ್ಲಿ ಕಬಿನಿ ಬಂದು ಕಾವೇರಿಗೆ ಸೇರುತ್ತದೆ. ತಾಲ್ಲೂಕಿನಲ್ಲಿ ಮಾಧವ ಮಂತ್ರಿ ಅಣೆಕಟ್ಟೆಯ ಹಳೆಯ ಕಾಲುವೆಯಿದೆ, ಕಬಿನಿ ಮತ್ತು ವರುಣಾ ನಾಲೆಗಳ ನೀರೂ ಹರಿಯುತ್ತದೆ. ಭತ್ತದ ಗದ್ದೆಯಲ್ಲಿ ತಿಂಗಳುಗಟ್ಟಲೆ ನಿಂತ ನೀರು ಮಣ್ಣಿನೊಳಗೆ ಇಳಿದು, ಕೆಳಗಿನ ಮೆತ್ತಗಾದ ಕಲ್ಲಿನ ಪದರವನ್ನು ತುಂಬುತ್ತದೆ. ಇಂಥ ಕಡೆ ಕಣ್ಣು ಮುಚ್ಚಿ ಕೊರೆದರೂ ನೀರು ಸಿಗುವ ಸಾಧ್ಯತೆ ಹೆಚ್ಚು.

ಈಗ ನಂಜನಗೂಡು ಪಟ್ಟಣದಿಂದ ಗುಂಡ್ಲುಪೇಟೆ ಕಡೆಗೆ ಹೋಗಿ, ಕಾಲುವೆ ನೀರು ಹತ್ತದ ಯಾವುದಾದರೂ ಎತ್ತರದ ಹೊಲದಲ್ಲಿ ನಿಲ್ಲಿ. ತಳದಲ್ಲಿರುವುದು ಅದೇ ಹಳೆಯ ಗಟ್ಟಿ ಕಲ್ಲು. ಆದರೆ ಇಲ್ಲಿ ಮೇಲಿನಿಂದ ತುಂಬುವ ನೀರು ಮಳೆಯದ್ದು ಮಾತ್ರ. ನೆಲದಡಿ ಗಂಗೆ ನದಿಯಂತೆ ಹರಿಯುತ್ತಾಳೆ ಎಂದು ನಾವು ಅಂದುಕೊಂಡಿದ್ದೇವೆ. ನಿಜಕ್ಕೂ ನೀರಿರುವುದು ಕಲ್ಲಿನ ಬಿರುಕುಗಳಲ್ಲಿ. ಬಿರುಕು ಸಿಕ್ಕರೆ ಎರಡು ಇಂಚು ನೀರು. ತಪ್ಪಿದರೆ 600 ಅಡಿ ಹೋದರೂ ಬರುವುದು ಬರೀ ಧೂಳು.

ಒಂದು ಲೆಕ್ಕ ಹಾಕೋಣ. ಕಾಲುವೆ ಬದಿಯ ಊರಿನಲ್ಲಿ ಎಲ್ಲಿ ಕೊರೆದರೂ 10ರಲ್ಲಿ 8 ಬಾರಿ ನೀರು ಬರುತ್ತದೆ ಎಂದಿಟ್ಟುಕೊಳ್ಳಿ. ಅಲ್ಲಿ ಯಾವ ಶಕ್ತಿಯೂ ಇಲ್ಲದ 100 ಜನ ಸುಮ್ಮನೆ ಬೊಟ್ಟು ಮಾಡಿ ತಲಾ 10 ಪಾಯಿಂಟ್ ಗುರುತಿಸಿದರೂ, ಸುಮಾರು 10 ಜನರಿಗೆ ಹತ್ತಕ್ಕೆ ಹತ್ತೂ ಸರಿಯಾಗುತ್ತದೆ! ಹೆಸರು ಮಾಡುವವರು ಆ 10 ಜನ. ವಿಡಿಯೋ ಬರುವುದು, ಪಕ್ಕದ ತಾಲ್ಲೂಕಿನವರು ಕಾರು ಕಳಿಸಿ ಕರೆಸಿಕೊಳ್ಳುವುದು ಅವರನ್ನೇ. ಒಣ ಹೊಲದಲ್ಲಿ 10ರಲ್ಲಿ 3 ಕಡೆ ಮಾತ್ರ ನೀರಿದ್ದರೆ, ಸತತ ಮೂರು ಪಾಯಿಂಟ್ ಸರಿಯಾಗುವ ಅದೃಷ್ಟ ಅದೇ 100 ಜನರಲ್ಲಿ ಮೂವರಿಗಷ್ಟೇ. ವಿಫಲವಾದ ಬೋರ್‌ವೆಲ್‌ನ ವಿಡಿಯೋ ಮಾಡಿ ಯಾರು ಹಾಕುತ್ತಾರೆ? ಸಾಲ ಮಾಡಿದ ರೈತ ಅದನ್ನು ಹೆಂಡತಿಗೆ ಹೇಳುವುದಕ್ಕೂ ಹಿಂಜರಿಯುತ್ತಾನೆ.

ಆದ್ದರಿಂದ ‘ಅವರು ಹೇಳಿದ ಕಡೆ ನೀರು ಬಂತು’ ಎಂಬುದು ಅರ್ಧ ಮಾಹಿತಿ. ಅವರು ಹೇಳದ ಕಡೆ ಕೊರೆದಿದ್ದರೆ ಎಷ್ಟು ಸಲ ಬರುತ್ತಿತ್ತು ಎಂಬುದು ಇನ್ನರ್ಧ.

ಹಾಗಾದರೆ ಕಾಯಿ ಏಳುವುದೇಕೆ?

ನೆಲದಡಿಯ ನೀರು ಕಾಯಿಯನ್ನು ಸೆಳೆಯುತ್ತದೆ ಎನ್ನುವವರಿದ್ದಾರೆ. ಸೆಳೆತ ಎಂದರೆ ಗುರುತ್ವ, ಅದನ್ನು ಲೆಕ್ಕ ಹಾಕಬಹುದು. ಕಲ್ಲು ನೀರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಭಾರ. ಕಲ್ಲಿದ್ದ ಜಾಗದಲ್ಲಿ ನೀರು ಬಂದರೆ ಸೆಳೆತ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಹೊಲದ ಕೆಳಗೆಲ್ಲಾ ಒಂದು ಮೀಟರ್ ದಪ್ಪದ ಬರೀ ನೀರಿನ ಪದರ ಇದೆ ಎಂದು ಉದಾರವಾಗಿ ಒಪ್ಪಿಕೊಂಡರೂ, ಒಂದು ಕೆ.ಜಿ. ಕಾಯಿಯ ತೂಕದಲ್ಲಿ ಆಗುವ ವ್ಯತ್ಯಾಸ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಭಾಗವೂ ಇಲ್ಲ. ಅಂಗೈ ಬಿಡಿ, ಚಿನ್ನದಂಗಡಿಯ ತಕ್ಕಡಿಗೂ ಅದು ತಿಳಿಯುವುದಿಲ್ಲ.

ಕಾಯಿಯನ್ನು ಏಳಿಸುವುದು ಹಿಡಿದವರ ಕೈಯೇ. ಹಾಗೆಂದು ಅವರು ಮೋಸಗಾರರು ಎಂದಲ್ಲ. ಉರುಟಾದ ಕಾಯಿ ಅಂಗೈ ಮೇಲೆ ಸ್ಥಿರವಾಗಿ ಕೂರುವ ವಸ್ತುವಲ್ಲ. ಬೆರಳು ಕೂದಲೆಳೆಯಷ್ಟು ಬಾಗಿದರೂ ಭಾರ ಒಂದು ಕಡೆಗೆ ಜಾರುತ್ತದೆ, ಒಳಗಿನ ನೀರೂ ಆ ಕಡೆಗೇ ಹರಿಯುತ್ತದೆ. ‘ಇಲ್ಲಿರಬಹುದು’ ಎಂದು ಮನಸ್ಸಿಗೆ ಅನ್ನಿಸಿದ ಕ್ಷಣದಲ್ಲಿ, ನಮಗೇ ಗೊತ್ತಾಗದಂತೆ ಸ್ನಾಯು ಅಲುಗುತ್ತದೆ. ಕವಲು ಕಡ್ಡಿ ಬಾಗುವುದೂ, ದಾರಕ್ಕೆ ಕಟ್ಟಿದ ಉಂಗುರ ತೂಗುವುದೂ ಹೀಗೆಯೇ.

ಇದನ್ನು 1853ರಲ್ಲೇ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ತೋರಿಸಿದ್ದ. ಜನ ಮೇಜಿನ ಸುತ್ತ ಕೂತು ಕೈಯಿಟ್ಟರೆ ಮೇಜು ತಾನಾಗಿ ತಿರುಗುತ್ತದೆ ಎಂಬ ಹುಚ್ಚು ಆಗ ಹಬ್ಬಿತ್ತು. ಫ್ಯಾರಡೆ ಕೈಗಳ ಕೆಳಗೆ ಮೆದು ಅಂಟು ಹಚ್ಚಿದ ರಟ್ಟಿನ ಪದರಗಳನ್ನಿಟ್ಟ. ಮೇಜು ಮೊದಲು ಅಲುಗಿದರೆ ಕೆಳಗಿನ ರಟ್ಟು ಮೊದಲು ಜರುಗಬೇಕು. ಜರುಗಿದ್ದು ಮೇಲಿನದು. ನಾವು ತಳ್ಳಿಲ್ಲ ಎಂದು ಪ್ರಾಮಾಣಿಕವಾಗಿ ನಂಬಿದ್ದವರ ಕೈಗಳೇ ತಳ್ಳುತ್ತಿದ್ದವು. ಕೈ ಜರುಗುವುದನ್ನು ತೋರಿಸುವ ಕಡ್ಡಿಯನ್ನು ಅವರ ಕಣ್ಣೆದುರಿಗೇ ಇಟ್ಟಾಗ ಮೇಜು ತಿರುಗುವುದು ನಿಂತೇಹೋಯಿತು.

ನೀರು ನೋಡುವವರ ಅತಿ ದೊಡ್ಡ ಪರೀಕ್ಷೆಗಳಲ್ಲೊಂದು 1987-88ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿ ನಡೆಯಿತು. 500ಕ್ಕೂ ಹೆಚ್ಚು ಜನರಿಂದ ಆರಿಸಿದ 43 ಮಂದಿ, 843 ಸುತ್ತು. ಕೊಟ್ಟಿಗೆಯ ಕೆಳ ಅಂತಸ್ತಿನಲ್ಲಿ ಗಾಡಿಯ ಮೇಲೆ ನೀರಿನ ಪೈಪು, ಮೇಲಂತಸ್ತಿನ 10 ಮೀಟರ್ ಗೆರೆಯ ಮೇಲೆ ಕಡ್ಡಿ ಹಿಡಿದವರು. ನಡೆಸಿದ ಭೌತವಿಜ್ಞಾನಿಗಳು ‘ಕೆಲವರಿಗೆ ನಿಜವಾದ ಶಕ್ತಿಯಿದೆ’ ಎಂದೇ ಘೋಷಿಸಿದರು. ಫಾರ್ವರ್ಡ್‌ಗಳಲ್ಲಿ ಬರುವುದು ಈ ಭಾಗ ಮಾತ್ರ. ಅದೇ ಅಂಕಿಗಳನ್ನು ಅಮೆರಿಕದ ಜಿಮ್ ಎನ್‌ರೈಟ್ ಮತ್ತೆ ವಿಶ್ಲೇಷಿಸಿ 1999ರಲ್ಲಿ ಪ್ರಕಟಿಸಿದರು. ಪ್ರತಿ ಸಲವೂ ಗೆರೆಯ ನಡುಮಧ್ಯಕ್ಕೆ ಬೆರಳು ತೋರಿಸುವವನಿಗಿಂತ, ಅತ್ಯುತ್ತಮ ಎನಿಸಿಕೊಂಡ ವ್ಯಕ್ತಿ ಪೈಪಿಗೆ ಹತ್ತಿರವಾಗಿದ್ದದ್ದು ಸರಾಸರಿ 4 ಮಿಲಿಮೀಟರ್. ಒಮ್ಮೆ ಚೆನ್ನಾಗಿ ಮಾಡಿದವರು ಇನ್ನೊಮ್ಮೆ ಹಾಗೆ ಮಾಡಲಿಲ್ಲ.

ಸಂಕೇತವೂ ಗದ್ದಲವೂ

ಭೂವಿಜ್ಞಾನಿಗಳು ತರುವ ಯಂತ್ರಕ್ಕೂ ಈ ಗೊಂದಲ ತಪ್ಪಿದ್ದಲ್ಲ. ಆದರೆ ಅವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನೆಲಕ್ಕೆ ನಾಲ್ಕು ಕಬ್ಬಿಣದ ಸಲಾಕೆ ಹೊಡೆದು, ಹೊರಗಿನ ಎರಡರಿಂದ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವೆ ಎಷ್ಟು ವೋಲ್ಟ್ ಎಂದು ಅಳೆಯುತ್ತಾರೆ. ಗಟ್ಟಿ ಕಲ್ಲು ವಿದ್ಯುತ್ತನ್ನು ಬಹಳ ತಡೆಯುತ್ತದೆ, ಒದ್ದೆಯಾದ ಮೆತ್ತನೆ ಕಲ್ಲು ಕಡಿಮೆ ತಡೆಯುತ್ತದೆ. ಸಲಾಕೆಗಳನ್ನು ದೂರ ಸರಿಸಿದಷ್ಟೂ ಹೆಚ್ಚು ಆಳದ ಸುದ್ದಿ ಸಿಗುತ್ತದೆ.

ಸಿಗುವ ಸಂಕೇತ ಕೆಲವು ಮಿಲಿವೋಲ್ಟ್ ಮಾತ್ರ ಇರಬಹುದು. ಪಕ್ಕದ ಪಂಪ್‌ಸೆಟ್ ಲೈನಿನ 50 ಹರ್ಟ್ಜ್ ಕರೆಂಟು, ನೆಲದಲ್ಲೇ ಇರುವ ಸಹಜ ವೋಲ್ಟೇಜು ಅದರ ಮೇಲೆ ಗದ್ದಲ ಎಬ್ಬಿಸುತ್ತವೆ. ಅದಕ್ಕಾಗಿ ವಿದ್ಯುತ್ತಿನ ದಿಕ್ಕನ್ನು ಹಿಂದುಮುಂದು ಮಾಡಿ ಅದೇ ಅಳತೆಯನ್ನು ಮತ್ತೆ ಮತ್ತೆ ತೆಗೆದು ಸರಾಸರಿ ಮಾಡುತ್ತಾರೆ. ಅಡ್ಡಾದಿಡ್ಡಿ ಗದ್ದಲ 16 ಅಳತೆಗಳ ಸರಾಸರಿಯಲ್ಲಿ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ನಿಜವಾದ ಸಂಕೇತ ಹಾಗೆಯೇ ಉಳಿಯುತ್ತದೆ. ತುಮಕೂರು ಜಿಲ್ಲೆಯ ಅಂಕಸಂದ್ರದಲ್ಲಿ ಹೆಲಿಕಾಪ್ಟರಿಗೆ ದೊಡ್ಡ ತಂತಿಸುತ್ತು ತೂಗುಹಾಕಿ ನೆಲದಡಿಯ ಪದರಗಳ ನಕ್ಷೆ ತೆಗೆದದ್ದೂ ನೆಲದ ಇಂಥದೇ ವಿದ್ಯುತ್ ಗುಣವನ್ನು ನಂಬಿ.

ಯಂತ್ರವೂ ತಪ್ಪುತ್ತದೆ. ಜೇಡಿಮಣ್ಣು, ಉಪ್ಪುನೀರು, ತಂತಿಬೇಲಿ, ಹೂತ ಪೈಪು ಎಲ್ಲವೂ ಅದಕ್ಕೆ ನೀರಿನಂತೆಯೇ ಕಾಣಬಹುದು. 500 ಅಡಿ ಕೆಳಗಿನ ಒಂದು ಸಣ್ಣ ಬಿರುಕನ್ನು ಮೇಲಿನಿಂದ ಹೇಳುವುದು ಅದರ ಕೈಯಲ್ಲಾಗದು. ‘ಸ್ಯಾಟಲೈಟ್ ಮೂಲಕ ನೂರಕ್ಕೆ ನೂರು ಗ್ಯಾರಂಟಿ’ ಎಂದು ಜಾಹೀರಾತು ಕೊಡುವವರ ಮಾತು ತೆಂಗಿನಕಾಯಿಗಿಂತ ಹೆಚ್ಚೇನೂ ನಂಬಲರ್ಹವಲ್ಲ.

ನೀರು ನೋಡುವ ಹಿರಿಯರಲ್ಲಿ ಕೆಲವರಿಗೆ ನೆಲದ ಅನುಭವ ನಿಜಕ್ಕೂ ಇರುತ್ತದೆ. ತಗ್ಗು ಎಲ್ಲಿದೆ, ಯಾವ ಮರ ಬೇಸಿಗೆಯಲ್ಲೂ ಹಸಿರಾಗಿದೆ, ಪಕ್ಕದವರ ಬೋರ್ ಎಷ್ಟಕ್ಕೆ ಸಿಕ್ಕಿತು ಎಂಬುದೆಲ್ಲಾ ತಲೆಯಲ್ಲಿರುತ್ತದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ನೀರು ಹುಡುಕುವ ಅಧ್ಯಾಯವೇ ಇದ್ದು, ಅದು ಆಧರಿಸುವುದು ಮರ, ಹುತ್ತ, ಮಣ್ಣಿನ ಲಕ್ಷಣಗಳನ್ನು. ಆ ಅನುಭವವನ್ನು ಕೇಳಿ. ಕಾಯಿಯ ಮಾತು ಬೇರೆ. ಅದನ್ನು ಪರೀಕ್ಷಿಸಬೇಕೆನಿಸಿದರೆ ಅವರ ಒಪ್ಪಿಗೆ ಪಡೆದು ಕಣ್ಣಿಗೆ ಬಟ್ಟೆ ಕಟ್ಟಿ, ಕೈ ಹಿಡಿದು ಅದೇ ಹೊಲವನ್ನು ಎರಡು ಬಾರಿ ಬೇರೆ ಬೇರೆ ದಿಕ್ಕಿನಿಂದ ಸುತ್ತಿಸಿ. ಕಾಯಿ ಎದ್ದ ಕಡೆಯೆಲ್ಲಾ ಗೂಟ ನೆಡಿ. ಎರಡನೇ ಸುತ್ತಿನ ಗೂಟಗಳು ಮೊದಲಿನವುಗಳ ಪಕ್ಕದಲ್ಲೇ ಬೀಳುತ್ತವೆಯೇ ನೋಡಿ. ಖರ್ಚು ಒಂದು ತೆಂಗಿನಕಾಯಿ, ಸಂಜೆ ಚಟ್ನಿಗೂ ಆಗುತ್ತದೆ.

ಕೊರೆಸುವುದು ಖಚಿತವಾಗಿದ್ದರೆ ಮೊದಲು ಮೈಸೂರಿನ ಜಿಲ್ಲಾ ಅಂತರ್ಜಲ ಕಚೇರಿಯ ಭೂವಿಜ್ಞಾನಿಗಳನ್ನು ಕಾಣಿ. ಅಳತೆ ಮಾಡಿದ ಮೇಲೆ ಪಾಯಿಂಟಿನ ಜೊತೆ ಅಳತೆಯ ಗ್ರಾಫನ್ನೂ ಕೇಳಿ ಪಡೆಯಿರಿ. ಎಷ್ಟು ಅಡಿಗೆ ನಿಲ್ಲಿಸಬೇಕು ಎಂಬುದನ್ನು ಲಾರಿ ಬರುವ ಮೊದಲೇ ತೀರ್ಮಾನಿಸಿ, ಏಕೆಂದರೆ ಬಿಲ್ ಏರುವುದು ಅಡಿ ಲೆಕ್ಕದಲ್ಲಿ. ನೀರು ಬರಲಿ, ಧೂಳೇ ಬರಲಿ, ಎಷ್ಟು ಅಡಿಯವರೆಗೆ ಕೇಸಿಂಗ್ ಇಳಿಯಿತು, ಎಷ್ಟರಲ್ಲಿ ಗಟ್ಟಿ ಕಲ್ಲು ಬಂತು, ಯಾವ ಆಳದಲ್ಲಿ ಬಿರುಕು ಸಿಕ್ಕಿತು ಎಂದು ಬರೆದಿಟ್ಟು ಊರಿನ ಗ್ರೂಪಿಗೆ ಹಾಕಿ. ಪಕ್ಕದ ಹೊಲದವರು ಮುಂದಿನ ಬೇಸಿಗೆಯಲ್ಲಿ ಮೊದಲು ಹುಡುಕುವುದು ಅದೇ ಮೆಸೇಜನ್ನು.