‘ಸ್ವಲ್ಪ ನೋಡ್ಕೊಂಡಿರು’ ಅನ್ನೋದೂ ಒಂದು ನೌಕರಿ

‘ತಮ್ಮಾ, ನೀ ಹ್ಯಾಂಗೂ ಊರಾಗೇ ಇದ್ದಿ. ಸ್ವಲ್ಪ ಮನಿ ನೋಡ್ಕೊಂಡಿರು.’

ಹೈದರಾಬಾದಿನಲ್ಲಿ ಕೆಲಸ ಮಾಡುವ ಕಾಕಾ ಫೋನಿನಲ್ಲಿ ಹೇಳಿದ್ದು ಇಷ್ಟೆ. ಚಿಂಚೋಳಿಯಿಂದ ಚಂದ್ರಂಪಳ್ಳಿ ಕಡೆಗೆ ಹೋಗುವ ದಾರಿಯ ನಮ್ಮೂರಿನಲ್ಲಿ ಅವರ ಪಾಲಿಗೆ ಬಂದ ಹಳೇ ಮನೆ ಇದೆ. ನೆಲಕ್ಕೆ ಶಹಾಬಾದ್ ಕಲ್ಲು, ಹಿಂದೆ ಬೇವಿನ ಮರ. ಸುಣ್ಣ ಬಣ್ಣ ಬಳಿಸಿ, ಎರಡು ಕೋಣೆಗೆ ಮಂಚ, ಗೀಸರ್ ಹಾಕಿಸಿ, ಫೋಟೊ ತೆಗೆಸಿ ಏರ್‌ಬಿಎನ್‌ಬಿಯಲ್ಲಿ ಹಾಕಿದರು. ಕೀಲಿಕೈ ನನ್ನ ಕಿಸೆಗೆ ಬಂತು. ಪದವಿ ಮುಗಿಸಿ ಎರಡು ವರ್ಷವಾದ, 371(ಜೆ) ಅಡಿಯಲ್ಲಿ ಯಾವ ಇಲಾಖೆ ಹುದ್ದೆ ಕರೆಯುತ್ತದೋ ಎಂದು ದಿನವೂ ಮೊಬೈಲ್ ನೋಡುವ ಹುಡುಗನಿಗೆ ‘ಆಗಲ್ಲ’ ಎನ್ನಲು ಯಾವ ನೆಪವಿದೆ?

ಆ ‘ಸ್ವಲ್ಪ’ ಎಷ್ಟು ಎಂಬುದು ಮೊದಲ ಶನಿವಾರವೇ ಗೊತ್ತಾಯಿತು. ಬೆಳಿಗ್ಗೆ ಟ್ಯಾಂಕಿಗೆ ನೀರು ಏರಿಸಬೇಕು, ಕರೆಂಟ್ ಹೋಗುವ ಮೊದಲೇ. ಹಾಸಿಗೆ ಬಟ್ಟೆ ಬದಲಿಸಬೇಕು. ಮ್ಯಾಪ್ ನಂಬಿ ಬೇರೆ ತಾಂಡಾಕ್ಕೆ ಹೋದ ಕಾರನ್ನು ಬೈಕ್ ಮೇಲೆ ಹೋಗಿ ಕರೆತರಬೇಕು. ಊಟಕ್ಕೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ ಎಲ್ಲಿಂದಾದರೂ ಹೊಂದಿಸಬೇಕು. ಎತ್ತಿಪೋತ ಜಲಪಾತದಲ್ಲಿ ನೀರಿದೆಯೇ ಎಂದು ಬರುವ ಮುಂಚೆಯೇ ಕೇಳುತ್ತಾರೆ. ಮಳೆ ನಿಂತು ತಿಂಗಳಾಗಿದ್ದರೆ ‘ಇಲ್ಲ’ ಎಂದು ನಿಜ ಹೇಳಬೇಕು, ಹೇಳಿದರೆ ಬುಕ್ಕಿಂಗ್ ಹೋಗುತ್ತದೆ. ಜಲಾಶಯದಲ್ಲಿ ಈಜಬೇಡಿ ಎಂದು ಎರಡು ಸಲವಲ್ಲ, ನಾಲ್ಕು ಸಲ ಹೇಳಬೇಕು. ಅದು ಅಭಯಾರಣ್ಯ, ಸ್ಪೀಕರ್ ಹಾಕಿ ಕುಣಿಯುವ ಜಾಗವಲ್ಲ ಎಂಬುದನ್ನೂ ನಗುನಗುತ್ತಲೇ ಹೇಳಬೇಕು. ರಾತ್ರಿ ಹನ್ನೊಂದಕ್ಕೆ ಫೋನ್: ‘ಬಾತ್‌ರೂಮಿನಲ್ಲಿ ಹಲ್ಲಿ ಇದೆ, ಬನ್ನಿ.’

ಈ ಕೆಲಸಕ್ಕೆ ಒಂದು ಹೆಸರಿದೆ ಎಂದು ನನಗೆ ಗೊತ್ತಾದದ್ದು ತಡವಾಗಿ: ಕೋ-ಹೋಸ್ಟ್. ಮನೆ ಒಬ್ಬರದು, ಅದನ್ನು ದಿನಬಾಡಿಗೆಗೆ ನಡೆಸಿಕೊಡುವವರು ಇನ್ನೊಬ್ಬರು. 2007ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಬಾಡಿಗೆ ಕಟ್ಟಲು ಪರದಾಡುತ್ತಿದ್ದ ಇಬ್ಬರು ಗೆಳೆಯರು ತಮ್ಮ ಕೋಣೆಯಲ್ಲಿ ಗಾಳಿ ಹಾಸಿಗೆ ಹಾಸಿ ಅಪರಿಚಿತರನ್ನು ಮಲಗಿಸಿದ್ದರಿಂದ ಏರ್‌ಬಿಎನ್‌ಬಿ ಶುರುವಾಯಿತು. ಅವತ್ತು ಮನೆಯಲ್ಲಿದ್ದವರೂ ಅವರೇ, ಆತಿಥ್ಯ ಕೊಟ್ಟವರೂ ಅವರೇ. ಈಗ ಮನೆಯವರು ಒಂದೂರಲ್ಲಿ, ಮನೆ ಇನ್ನೊಂದೂರಲ್ಲಿ. ಹಾಗಾಗಿ 2024ರ ಅಕ್ಟೋಬರ್‌ನಲ್ಲಿ ಆ ಕಂಪನಿಯೇ ಅಮೆರಿಕ, ಕೆನಡಾ, ಫ್ರಾನ್ಸ್ ಮುಂತಾದ ಹತ್ತು ದೇಶಗಳಲ್ಲಿ ಮಾಲೀಕರಿಗೆ ಕೋ-ಹೋಸ್ಟ್‌ಗಳನ್ನು ಹುಡುಕಿಕೊಡುವ ವ್ಯವಸ್ಥೆ ಆರಂಭಿಸಿತು. ಅಲ್ಲಿ ಅದು ವೃತ್ತಿ. ನಮ್ಮಲ್ಲಿ ಅದು ‘ನಮ್ಮ ಹುಡುಗ ಇದ್ದಾನಲ್ಲ’.

ಕಾಕಾ ಕೆಟ್ಟವರಲ್ಲ. ದಸರೆಗೆ ಬಂದಾಗ ಅಂಗಿ ಬಟ್ಟೆ ತಂದರು, ಅವ್ವನಿಗೆ ಸೀರೆ ತಂದರು. ಆದರೆ ಲೆಕ್ಕ ಎಂದು ಒಂದಿರಲಿಲ್ಲ. ಅತಿಥಿಗಳ ಮೆಸೇಜಿಗೆ ಅವರ ಪಾಸ್‌ವರ್ಡ್ ಹಾಕಿಕೊಂಡು ಅವರ ಹೆಸರಿನಲ್ಲೇ ಉತ್ತರ ಬರೆಯುತ್ತಿದ್ದೆ. ಒಂದು ವರ್ಷದಲ್ಲಿ ಕನಿಷ್ಠ ಹತ್ತು ಬುಕ್ಕಿಂಗ್, ಸರಾಸರಿ 4.8 ರೇಟಿಂಗ್, ಬಂದ ವಿಚಾರಣೆಗಳಲ್ಲಿ ಶೇ 90ಕ್ಕೆ ಸಕಾಲದ ಉತ್ತರ, ಶೇ 1ಕ್ಕಿಂತ ಕಡಿಮೆ ರದ್ದತಿ ಇದ್ದರೆ ‘ಸೂಪರ್‌ಹೋಸ್ಟ್’ ಎಂಬ ಪದಕ ಸಿಗುತ್ತದೆ. ಕಾಕಾಗೆ ಸಿಕ್ಕಿತು. ‘ಹೋಸ್ಟ್ ತುಂಬ ಒಳ್ಳೆಯವರು, ಕೂಡಲೇ ಉತ್ತರಿಸುತ್ತಾರೆ’ ಎಂದು ಯಾರೋ ಬರೆದದ್ದನ್ನು ಅವರು ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದರು. ನಾನೂ ಒಂದು ಹೆಬ್ಬೆರಳು ಒತ್ತಿದೆ.

ಬೇಸರ ಅದಕ್ಕಲ್ಲ. ನನ್ನ ರೆಸ್ಯೂಮೆಯಲ್ಲಿ ಬರೆಯಲು ಇದರಿಂದ ಒಂದು ಸಾಲೂ ಹುಟ್ಟಲಿಲ್ಲ. ನಾಳೆ ಕಲಬುರಗಿಯ ಯಾವುದೋ ಹೋಟೆಲಿಗೆ ಕೆಲಸ ಕೇಳಿಕೊಂಡು ಹೋದರೆ ‘ಅನುಭವ?’ ಎಂದಾಗ ಏನು ತೋರಿಸಲಿ, ಕಾಕಾನ ಪದಕವನ್ನೇ? ಇದಕ್ಕೆ ದಾರಿ ಇದೆ. ಪಾಸ್‌ವರ್ಡ್ ಹಂಚಿಕೊಳ್ಳದೆ, ಮಾಲೀಕರು ತಮ್ಮ ಪುಟಕ್ಕೆ ನಮ್ಮನ್ನು ಕೋ-ಹೋಸ್ಟ್ ಆಗಿ ಸೇರಿಸಬಹುದು. ಆಗ ನಮ್ಮ ಹೆಸರು, ಫೋಟೊ ಅತಿಥಿಗೆ ಕಾಣುತ್ತದೆ. ಕ್ಯಾಲೆಂಡರ್ ಮಾತ್ರ ನೋಡಬಹುದೇ, ಮೆಸೇಜೂ ಮಾಡಬಹುದೇ, ಎಲ್ಲವನ್ನೂ ನಿರ್ವಹಿಸಬಹುದೇ ಎಂಬುದನ್ನು ಅವರೇ ಗೊತ್ತುಮಾಡಬಹುದು. ಐದು ನಿಮಿಷದ ಕೆಲಸ. ಕೇಳುವುದಕ್ಕೆ ನಾನು ಎಂಟು ತಿಂಗಳು ತೆಗೆದುಕೊಂಡೆ.

ರೊಕ್ಕದ ಮಾತು ಇನ್ನೂ ಕಷ್ಟ. ಹೊರದೇಶಗಳಲ್ಲಿ ಬಾಡಿಗೆಯ ಶೇ 10ರಿಂದ 20ರ ಆಸುಪಾಸಿನಲ್ಲಿ ಕೋ-ಹೋಸ್ಟ್ ಪಾಲು ಮಾತಾಗುತ್ತದೆ. ಅದನ್ನು ಹಾಗೇ ಇಲ್ಲಿಗೆ ತಂದರೆ ನಾವು ಸತ್ತೆವು. ಒಂದು ರಾತ್ರಿಗೆ ₹2,000 ಎಂದಿಟ್ಟುಕೊಳ್ಳಿ. ಚಂದ್ರಂಪಳ್ಳಿಗೆ ಜನ ಬರುವುದು ಮಳೆಗಾಲದಿಂದ ಚಳಿಗಾಲದವರೆಗೆ, ಅದೂ ಶನಿವಾರ, ಭಾನುವಾರ. ತಿಂಗಳಿಗೆ ನಾಲ್ಕು ರಾತ್ರಿ ತುಂಬಿದರೆ ₹8,000. ಅದರಲ್ಲಿ ಶೇ 20 ಎಂದರೆ ₹1,600. ಪೆಟ್ರೋಲ್, ಫಿನಾಯಿಲ್, ಬಟ್ಟೆ ಒಗೆಸಿದ್ದು ತೆಗೆದರೆ ಉಳಿಯುವುದು ಎಷ್ಟು? ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ ಕಾಲಿಡಲಾಗದ ಬಿಸಿಲು. ಆಗ ಪಾಲು ಸೊನ್ನೆ. ಆದರೆ ಬೀಗ ಹಾಕಿದ ಮನೆಗೂ ಕಸ ಬೀಳುತ್ತದೆ, ಗೆದ್ದಲು ಹತ್ತುತ್ತದೆ, ಯಾರಾದರೂ ಹೋಗಿ ಬಾಗಿಲು ತೆಗೆದು ಬರಲೇಬೇಕು. ಆದ್ದರಿಂದ ನಮ್ಮ ಕಡೆಗೆ ಒಪ್ಪುವ ಲೆಕ್ಕ ಬೇರೆ: ಮನೆ ಕಾಯ್ದುಕೊಂಡದ್ದಕ್ಕೆ ತಿಂಗಳಿಗೆ ಇಷ್ಟು ಎಂದು ನಿಗದಿ, ಪ್ರತಿ ಅತಿಥಿ ಹೋದ ಮೇಲೆ ಸ್ವಚ್ಛತೆಗೆ ಇಷ್ಟು, ಆಮೇಲೆ ಬಾಡಿಗೆಯಲ್ಲಿ ಪಾಲು.

ಒಂದೇ ಮನೆ ನಂಬಿಕೊಂಡರೆ ಇದು ನೌಕರಿ ಆಗುವುದಿಲ್ಲ ಎಂಬುದನ್ನೂ ಒಪ್ಪಬೇಕು. ಆದರೆ ನಮ್ಮ ಸೀಮೆಯನ್ನು ಪ್ರವಾಸಿಗರ ಕಣ್ಣಿನಿಂದಷ್ಟೇ ನೋಡಬೇಡಿ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಿಗೆ ದುರಸ್ತಿ ಕೆಲಸಕ್ಕೆ ಬರುವ ತಂತ್ರಜ್ಞರು ವಾರಗಟ್ಟಲೆ ಇರುತ್ತಾರೆ. ಅವರಿಗೆ ಬೇಕಾದದ್ದು ಬೆಟ್ಟದ ನೋಟವಲ್ಲ. ಶುದ್ಧ ಹಾಸಿಗೆ, ಬಿಸಿನೀರು, ಬೆಳಿಗ್ಗೆ ಆರಕ್ಕೆ ಚಹಾ. ಚಿತ್ತಾಪುರ ತಾಲ್ಲೂಕಿನ ಸನ್ನತಿ, ಕನಗನಹಳ್ಳಿಯ ಬೌದ್ಧ ಸ್ತೂಪ ನೋಡಲು, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆ, ಬಸದಿ ನೋಡಲು ಬರುವವರಿದ್ದಾರೆ. 2019ರಲ್ಲಿ ಕಲಬುರಗಿಯಲ್ಲಿ ವಿಮಾನ ನಿಲ್ದಾಣವೂ ಆರಂಭವಾಯಿತು. ಊರು ಬಿಟ್ಟವರ ಖಾಲಿ ಮನೆಗಳಿಗಂತೂ ಬರವಿಲ್ಲ. ನಾಲ್ಕೈದು ಮನೆಗಳನ್ನು ಇಬ್ಬರು ಗೆಳೆಯರು ಸೇರಿ ನಡೆಸಿದರೆ ಅದು ಉದ್ಯೋಗವಾದೀತು. ಬೆಂಗಳೂರಿಗೆ ಹೋಗಿ ಪಿ.ಜಿ.ಯಲ್ಲಿ ನಾಲ್ವರ ಜೊತೆ ಮಲಗುವುದಕ್ಕಿಂತ ಕಡೆಯಂತೂ ಅಲ್ಲ.

ಈಗ ಹೇಳಲೇಬೇಕಾದ, ಯಾರೂ ಹೇಳದ ಮಾತು. ಕೀಲಿಕೈ ಯಾರ ಕೈಯಲ್ಲಿದೆಯೋ ಹೊಣೆಯೂ ಅವರ ತಲೆ ಮೇಲೆ ಬೀಳುತ್ತದೆ. ‘ಹೋಂ ಸ್ಟೇ’ ಎಂದು ಬೋರ್ಡ್ ಬರೆಸುವುದು ಸುಲಭ. ಆದರೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ‘ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್’ ಯೋಜನೆಯಲ್ಲಿ ನೋಂದಾಯಿಸಲು ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಿರಬೇಕು, ಬಾಡಿಗೆಗೆ ಆರು ಕೋಣೆ ಮೀರಬಾರದು. ಮಾಲೀಕರು ಹೈದರಾಬಾದಿನಲ್ಲಿ, ಮನೆ ಚಿಂಚೋಳಿಯಲ್ಲಿ ಎಂದರೆ ಅದು ಆ ಅರ್ಥದ ಹೋಂ ಸ್ಟೇ ಅಲ್ಲ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಸಲ್ಲಿಸಬೇಕು. ಸಲ್ಲಿಸದಿದ್ದರೆ ಪೊಲೀಸರು ಮೊದಲು ತಟ್ಟುವುದು ಎದುರಿಗೆ ಸಿಕ್ಕವನ ಬಾಗಿಲು. 2025ರ ಮಾರ್ಚ್‌ನಲ್ಲಿ ಕೊಪ್ಪಳ ಜಿಲ್ಲೆಯ ಸಣಾಪುರದ ಬಳಿ ರಾತ್ರಿ ನಡೆದ ಕ್ರೌರ್ಯ ನೆನಪಿರಬಹುದು. ವಿದೇಶಿ ಪ್ರವಾಸಿಯ ಜೊತೆಗೆ, ಅತಿಥಿಗಳನ್ನು ಕರೆದುಕೊಂಡು ಹೋಗಿದ್ದ ಹೋಂ ಸ್ಟೇ ನಡೆಸುವ ಮಹಿಳೆಯ ಮೇಲೂ ದೌರ್ಜನ್ಯ ನಡೆಯಿತು. ಕಾಲುವೆಗೆ ತಳ್ಳಲ್ಪಟ್ಟ ಒಬ್ಬ ಪ್ರವಾಸಿ ಜೀವ ಕಳೆದುಕೊಂಡ. ಅತಿಥಿಯ ಪಕ್ಕದಲ್ಲಿ ನಿಂತವರಿಗೆ ಇರುವ ಅಪಾಯ ಫೋನಿನಲ್ಲಿ ಮನೆ ನಡೆಸುವವರಿಗೆ ಇರುವುದಿಲ್ಲ. ಹಾಗಾಗಿ ಮನೆಯ ನೋಂದಣಿ, ಸ್ಥಳೀಯ ಠಾಣೆಗೆ ಮಾಹಿತಿ, ಅತಿಥಿಗಳ ಗುರುತಿನ ಚೀಟಿ ದಾಖಲಿಸುವ ಪುಸ್ತಕ ಇವು ಮುಗಿಯುವ ತನಕ ಕೀಲಿಕೈ ಹಿಡಿಯಬೇಡಿ. ಸಂಬಂಧಿಕರಾದರೂ ಸರಿ. ಸಂಬಂಧಿಕರಾದರಂತೂ ಇನ್ನೂ ಸರಿ.

ಇಷ್ಟೆಲ್ಲ ಹೇಳುವ ನಾನೇನು ಸಾಚಾ ಅಲ್ಲ. ಹಾಸಿಗೆ ಬಟ್ಟೆ ಒಗೆಯಲು, ರೊಟ್ಟಿ ಬಡಿಯಲು ಪಕ್ಕದ ತಾಂಡಾದಿಂದ ಒಬ್ಬ ಅಕ್ಕ ಬರುತ್ತಿದ್ದರು. ಅವರ ಗಂಡ ವರ್ಷದ ಆರು ತಿಂಗಳು ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ. ಅವರಿಗೆ ನಾನು ಏನು ಹೇಳಿದ್ದೆ? ‘ಯಕ್ಕಾ, ನೋಡ್ಕೊಂಡ್ ಕೊಡ್ತೀನಿ ತಗೋ.’ ಕಾಕಾ ನನಗೆ ಹೇಳಿದ್ದನ್ನೇ ನಾನು ಅವರಿಗೆ ದಾಟಿಸಿದ್ದೆ. ಕೆಲವು ವಾರ ನೂರು, ಕೆಲವು ವಾರ ಅತಿಥಿಗಳು ಬಿಟ್ಟುಹೋದ ಬಿಸ್ಕತ್ತು ಪೊಟ್ಟಣ. ಒಂದು ಭಾನುವಾರ ಆರು ಜನರಿಗೆ ರೊಟ್ಟಿ ಬಡಿದು, ಕೈ ತೊಳೆದುಕೊಳ್ಳುತ್ತ ಅವರು ಕೇಳಿದರು: ‘ನಿಂಗೆ ಎಷ್ಟ್ ಕೊಡ್ತಾರ್ ತಮ್ಮಾ?’ ಏನೂ ಇಲ್ಲ ಎಂದರೆ ನಂಬಲಿಲ್ಲ. ನಂಬುವ ಮಾತೂ ಅಲ್ಲ ಅದು. ಆರು ಜನ ಕಾರಿನಲ್ಲಿ ಬಂದು ಉಂಡು ಹೋಗಿದ್ದಾರೆ, ರೊಕ್ಕ ಎಲ್ಲೋ ಹೋಗಿರಲೇಬೇಕು.

ಅವತ್ತು ರಾತ್ರಿ ಕಾಕಾಗೆ ಫೋನ್ ಮಾಡಿದೆ. ಸುತ್ತಿ ಬಳಸಿ ಮಾತಾಡಿ, ಕಡೆಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಮನೀ ಮಂದ್ಯಾಗ ಕಾಗದ ಪತ್ರ ಯಾಕಪ?’ ಎಂದರು. ‘ಕಾಕಾ, ನೀವು ಹೈದರಾಬಾದ್ದಾಗ ಬಾಡಿಗಿ ಮನಿಗೆ ಕರಾರು ಪತ್ರ ಬರ್ದೀರಿಲ್ಲೋ?’ ಎಂದೆ. ‘ಅದು ಬ್ಯಾರೆಯವ್ರ ಮನಿ’ ಎಂದು ಫೋನ್ ಇಟ್ಟರು. ಒಂದು ವಾರ ಮಾತಿಲ್ಲ. ಆ ವಾರ ಬುಕ್ಕಿಂಗ್ ಇತ್ತು. ನಾನು ಹೋಗಿ ಮನೆ ತೆರೆದೆ, ಅದನ್ನೂ ಹೇಳಿಬಿಡಬೇಕು.

ಮುಂದಿನ ಅಮಾವಾಸ್ಯೆಗೆ ಊರಿಗೆ ಬಂದಾಗ ಅವರೇ ನೋಟ್‌ಬುಕ್ಕಿನ ಹಾಳೆ ಹರಿದು ಬರೆಯಲು ಕೂತರು. ನನ್ನ ತಿಂಗಳ ಮೊತ್ತದ ಬಗ್ಗೆ ಚೌಕಾಸಿ ನಡೆಯಿತು, ಇನ್ನೂ ಪೂರ್ತಿ ಮುಗಿದಿಲ್ಲ. ಕೋ-ಹೋಸ್ಟ್ ಆಗಿ ನನ್ನ ಹೆಸರು ಸೇರಿತು, ಫೋಟೊ ಮಾತ್ರ ಬೇರೆ ತೆಗೆಸು ಎಂದರು. ಹಾಳೆಯ ಮೇಲಿನ ಮೊದಲ ಸಾಲು ತಾಂಡಾದ ಅಕ್ಕನದು: ಪ್ರತಿ ಒಗೆತಕ್ಕೆ ಇಷ್ಟು, ಪ್ರತಿ ಊಟಕ್ಕೆ ಇಷ್ಟು, ಅದೇ ದಿನ, ಕೈಗೇ. ಆ ಸಾಲಿಗೆ ಅವರು ಚೌಕಾಸಿ ಮಾಡಲಿಲ್ಲ.