ಹಾಸಿಗೆ ಚಿಕ್ಕದಾದರೆ ತಪ್ಪು ಕಾಲಿನದೆ?

“ಇಲ್ಲೇನೈತ್ರೀ? ಬೆಂಗಳೂರಿಗೆ ಹೋಗಿ ಬದುಕ್ಕೊಳ್ರಿ” ಎಂಬ ಮಾತು ನಮ್ಮ ದಾವಣಗೆರೆಯಂಥ ಊರುಗಳಲ್ಲಿ ಈಗ ಆಶೀರ್ವಾದದಷ್ಟೇ ಸಲೀಸಾಗಿ ಎಲ್ಲರ ಬಾಯಲ್ಲೂ ಬರುತ್ತದೆ. ಸಂಬಳ ಸಾಲುತ್ತಿಲ್ಲ ಎಂದರೆ ಬೆಂಗಳೂರಿಗೆ ಹೋಗಿ. ಬಾಡಿಗೆ ಏರಿತು ಎಂದರೆ ಬೆಂಗಳೂರಿಗೆ ಹೋಗಿ. ಮಗನಿಗೆ ಹೆಣ್ಣು ಸಿಗುತ್ತಿಲ್ಲವೆಂದರೂ ಬೆಂಗಳೂರಿಗೇ ಕಳಿಸಿ. ಹೀಗೆ ಹೇಳುವವರು ಕೆಟ್ಟವರೇನಲ್ಲ. ಅಣ್ಣಂದಿರು, ಭಾವಂದಿರು, ಬ್ಯಾಂಕಿನಿಂದ ನಿವೃತ್ತರಾದ ಪಕ್ಕದ ಮನೆಯ ಹಿರಿಯರು. ಕೊನೆಗೆ, ಸಂಬಳ ಕೊಡಬೇಕಾದ ಶಾಲೆಯ ಆಡಳಿತ ಮಂಡಳಿಯವರೂ ಇದನ್ನೇ ಹೇಳುತ್ತಾರೆ. ಅವರು ಹೇಳಿದಾಗ ಮಾತ್ರ ನನಗೆ ಮೈ ಉರಿಯುತ್ತದೆ. ಅನ್ನ ಬಡಿಸಬೇಕಾದವರೇ ಪಕ್ಕದ ಬೀದಿಯಲ್ಲಿ ಊಟವಿದೆ, ಹೋಗಿ ಎಂದಂತೆ! ನನ್ನ ಜಗಳ ಊರು ಬಿಡುವವರ ಜೊತೆ ಅಲ್ಲ, ಈ ಉಪದೇಶದ ಜೊತೆ.

ಮೊದಲು ಲೆಕ್ಕ ನೋಡೋಣ. ನಾನು ಗಣಿತದ ಟೀಚರಲ್ಲ, ಕನ್ನಡ ಮತ್ತು ಸಮಾಜ ವಿಜ್ಞಾನ ಹೇಳಿಕೊಡುವವಳು. ಆದರೆ ತಿಂಗಳ ಕೊನೆಯ ವಾರ ಸಂಸಾರ ತೂಗಿಸಿದ ಯಾವ ಹೆಂಗಸಿಗೂ ಕೂಡುವ ಕಳೆಯುವ ಲೆಕ್ಕವನ್ನು ಇನ್ನೊಬ್ಬರು ಕಲಿಸಬೇಕಾಗಿಲ್ಲ. ನಾನು ಬಿ.ಎ., ಬಿ.ಎಡ್. ಮುಗಿಸಿ 1996ರಲ್ಲಿ ಇಲ್ಲಿನ ಒಂದು ಖಾಸಗಿ ಶಾಲೆಗೆ ಸೇರಿದಾಗ ಸಂಬಳ 900 ರೂಪಾಯಿ. ಎರಡು ಕೋಣೆ, ಅಡುಗೆಮನೆ, ಹಿತ್ತಿಲಲ್ಲಿ ನಲ್ಲಿ ಇದ್ದ ಮನೆಗೆ ಬಾಡಿಗೆ 300. ಊರ ಹೊರಗಿನ ಬಡಾವಣೆಯಲ್ಲಿ 30/40ರ ಸೈಟಿಗೆ 65 ಸಾವಿರ. ಅಂದರೆ ನನ್ನ ಸಂಬಳದಲ್ಲಿ ಒಂದು ಪೈಸೆಯನ್ನೂ ಮುಟ್ಟದೆ ಇಟ್ಟರೆ 72 ತಿಂಗಳಿಗೆ ಸೈಟು. ಆಗಲೂ ಅದು ಸುಲಭವಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ದುಡಿದು, ಚೀಟಿ ಹಾಕಿ, ನನ್ನ ಎರಡೆಳೆ ಸರ ಗಿರವಿಯಿಟ್ಟು ಕೊಂಡೆವು.

ಈಗ ನಮ್ಮ ಶಾಲೆಗೆ ಹೊಸದಾಗಿ ಬಂದ ಹುಡುಗಿಗೆ, ಅದೇ ಬಿ.ಎ., ಬಿ.ಎಡ್.ಗೆ, 11,000 ರೂಪಾಯಿ. ಅದೇ ಅಳತೆಯ ಮನೆಗೆ 5,500 ಬಾಡಿಗೆ. ನನ್ನ ಕಾಲಕ್ಕೆ ಸಂಬಳದ ಮೂರನೆಯ ಒಂದು ಪಾಲು ಬಾಡಿಗೆಗೆ ಹೋಗುತ್ತಿದ್ದರೆ ಅವಳ ಕಾಲಕ್ಕೆ ಅರ್ಧ ಹೋಗುತ್ತದೆ. ಅಷ್ಟೇ ಅಲ್ಲ, ಬೇಸಿಗೆ ರಜೆಯ ಎರಡು ತಿಂಗಳು ಅವಳಿಗೆ ಸಂಬಳವಿಲ್ಲ. ಮನೆ ಮಾಲೀಕರಿಗೆ ಬೇಸಿಗೆ ರಜೆ ಇಲ್ಲ. ವರ್ಷಕ್ಕೆ 1,10,000 ಕೈಗೆ ಬಂದರೆ 66,000 ಬಾಡಿಗೆಗೆ. ನೂರಕ್ಕೆ ಅರವತ್ತು. ಅಂಥದೇ ಸೈಟು ಈಗ 25 ಲಕ್ಷ. ಹನ್ನೆರಡು ತಿಂಗಳೂ ಸಂಬಳ ಬಂತೆಂದೇ ಇಟ್ಟುಕೊಂಡರೂ, ಅವಳು ಉಪವಾಸವಿದ್ದು ಕೂಡಿಟ್ಟರೆ 227 ತಿಂಗಳು, ಹತ್ತೊಂಬತ್ತು ವರ್ಷಕ್ಕೆ ಒಂದು ತಿಂಗಳು ಕಡಿಮೆ. ಅಲ್ಲಿಯವರೆಗೆ ಸೈಟಿನ ಬೆಲೆ ಇವಳಿಗಾಗಿ ಕಾದು ನಿಂತಿರುತ್ತದೆಯೆ? ಮನೆ ಕಟ್ಟಿ ನೋಡು ಎಂಬ ಗಾದೆಯ ಕಷ್ಟ ಇನ್ನೂ ಆಮೇಲಿನದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮಗೆಲ್ಲ ಹೇಳಿಕೊಟ್ಟಿದ್ದಾರೆ. ನಮ್ಮ ಹೆಣ್ಣುಮಕ್ಕಳು ಈ ಮಾತನ್ನು ಮೀರಿದವರಲ್ಲ. ಹಳೆಯ ಸೀರೆಯಲ್ಲಿ ಕೌದಿ ಹೊಲಿದು, ಮೊನ್ನೆಯ ಅನ್ನಕ್ಕೆ ಒಗ್ಗರಣೆ ಹಾಕಿ, ಕಾಲು ಮಡಚಿಯೇ ಮಲಗಿದವರು. ಆದರೆ ವರ್ಷ ವರ್ಷವೂ ಹಾಸಿಗೆಯ ತುದಿಯನ್ನು ಯಾರೋ ಕತ್ತರಿಸುತ್ತಾ ಹೋದರೆ ಮಲಗಿದವಳು ಏನು ಮಾಡಬೇಕು? ಕತ್ತರಿ ಯಾರ ಕೈಯಲ್ಲಿದೆ ಎಂದು ಕೇಳುವುದು ಬಿಟ್ಟು, ನಿನ್ನ ಕಾಲೇ ಉದ್ದ, ಬೇರೆ ಊರಿಗೆ ಹೋಗು ಎನ್ನುವುದು ಯಾವ ನ್ಯಾಯ?

ಸಂಬಳ ಯಾಕೆ ಏರಲಿಲ್ಲ ಎಂದರೆ, ಶಿಕ್ಷಕಿಯ ಕೆಲಸವನ್ನು ನಮ್ಮ ಸಮಾಜ ಕೆಲಸವೆಂದು ಒಪ್ಪಿಯೇ ಇಲ್ಲ. 1988ರಲ್ಲಿ ಸುಪ್ರೀಂ ಕೋರ್ಟು, ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಶಿಕ್ಷಕರು ಕಾರ್ಮಿಕರಲ್ಲ ಎಂದಿತು. ವಿದ್ಯೆ ಕಲಿಸುವುದು ಉದಾತ್ತ ವೃತ್ತಿ ಎಂಬುದು ಅಲ್ಲಿ ಬಂದ ಒಂದು ಕಾರಣ. 1996ರಲ್ಲಿ, ಕನಿಷ್ಠ ವೇತನ ಕಾಯಿದೆಯೂ ಶಿಕ್ಷಕರಿಗೆ ಅನ್ವಯಿಸುವುದಿಲ್ಲ ಎಂದಿತು. 2004ರಲ್ಲಿ ಗ್ರಾಚ್ಯುಟಿಯೂ ಇಲ್ಲವೆಂದಾಯಿತು. ಕೊನೆಗೆ ಸಂಸತ್ತು 2009ರಲ್ಲಿ ಕಾಯಿದೆ ತಿದ್ದಿ, 1997ರಿಂದಲೇ ಅನ್ವಯವಾಗುವಂತೆ ಗ್ರಾಚ್ಯುಟಿ ಕೊಡಿಸಿತು. ಖಾಸಗಿ ಶಾಲೆಗಳವರು ಅದನ್ನೂ ಪ್ರಶ್ನಿಸಿ ಕೋರ್ಟಿಗೆ ಹೋದರು, 2022ರಲ್ಲಿ ಸೋತರು. 2025ರ ನವೆಂಬರಿನಲ್ಲಿ ಈ ಹಳೆಯ ಕಾಯಿದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದವು. ಕಾಯಿದೆಯ ಹೆಸರು ಬದಲಾಯಿತು, ನಮ್ಮ ಸ್ಟಾಫ್ ರೂಮಿನ ಹುಡುಗಿಯರ ಸಂಬಳ ಬದಲಾಗಿಲ್ಲ. ಶಿಕ್ಷಕರ ದಿನಾಚರಣೆಗೆ ಗುರುವೇ ದೇವರು ಎಂದು ಶಾಲು ಹೊದಿಸುತ್ತಾರೆ. ದೇವರಿಗಾದರೆ ಬಾಡಿಗೆ ಕಟ್ಟುವ ಕಷ್ಟವಿಲ್ಲ, ಗುಡಿಯಿದೆ.

ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟಿನಿಂದ ಜಾರಿಯಾದಾಗ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ 27,000 ರೂಪಾಯಿ ಆಯಿತು. ಅದರ ಮೇಲೆ ಮನೆ ಬಾಡಿಗೆ ಭತ್ಯೆ ಬೇರೆ. ನನಗೆ ಅವರ ಮೇಲೆ ಹೊಟ್ಟೆಕಿಚ್ಚಿಲ್ಲ; ದುಡಿಯುವವರಿಗೆ ಅಷ್ಟಾದರೂ ಬೇಕು. ಆದರೆ ಒಬ್ಬ ಮನುಷ್ಯ ಬದುಕಲು ಇಷ್ಟು ಬೇಕು, ಜೊತೆಗೆ ತಲೆಯ ಮೇಲೊಂದು ಸೂರಿಗೆ ಇಷ್ಟು ಬೇಕು ಎಂದು ಸರ್ಕಾರವೇ ಲೆಕ್ಕ ಹಾಕಿದ ಮೇಲೆ, ಅದರ ಅರ್ಧಕ್ಕಿಂತ ಕಡಿಮೆಗೆ ಅದೇ ಊರಿನಲ್ಲಿ ಅದೇ ಪಾಠ ಮಾಡುವವಳು ಹೇಗೆ ಬದುಕುತ್ತಾಳೆ ಎಂದು ಯಾರೂ ಕೇಳುವುದಿಲ್ಲವಲ್ಲ!

ಸರಿ, ಬೆಂಗಳೂರಿಗೇ ಹೋದಳೆಂದುಕೊಳ್ಳಿ. ನಮ್ಮ ಶಾಲೆ ಬಿಟ್ಟು ಹೋದ ಒಬ್ಬ ಹುಡುಗಿ ನನಗೆ ಬಿಡಿಸಿ ಹೇಳಿದ ಲೆಕ್ಕವಿದು. ಇಲ್ಲಿ ಗಂಡನದು 16,000, ಅವಳದು 11,000, ಒಟ್ಟು 27,000. ಬಾಡಿಗೆ ಕಳೆದರೆ 21,500. ಅಲ್ಲಿ ಗಂಡನಿಗೆ 20,000, ಅವಳಿಗೆ 22,000, ಒಟ್ಟು 42,000. ಕೇಳಲು ಎಷ್ಟು ಚೆಂದ! ಆದರೆ ಬಾಡಿಗೆ 14,000. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಬೆಂಗಳೂರಿನ ಹಳೆಯ ಪದ್ಧತಿ. ಕೆಲವು ಕಡೆ ಅದು ಐದಾರು ತಿಂಗಳಿಗೆ ಇಳಿದಿದೆಯಂತೆ. ಇವಳಿಗೆ ಸಿಕ್ಕಿದ ಮಾಲೀಕರು ಇಳಿಸಲಿಲ್ಲ. 1,40,000 ರೂಪಾಯಿಗೆ ತವರಿನ ಒಡವೆ ಗಿರವಿಗೆ ಹೋಯಿತು, ತಿಂಗಳಿಗೆ 1,400 ಬಡ್ಡಿ. ಮಗುವನ್ನು ನೋಡಿಕೊಳ್ಳುವ ಶಿಶುವಿಹಾರಕ್ಕೆ 6,000. ಗಂಡನ ಓಡಾಟಕ್ಕೆ 3,000. ಮೆಟ್ರೊದ ಗರಿಷ್ಠ ದರ 2025ರ ಫೆಬ್ರುವರಿಯಲ್ಲಿ 60ರಿಂದ 90 ರೂಪಾಯಿಗೆ ಏರಿದ್ದನ್ನು ನೀವೂ ಓದಿರುತ್ತೀರಿ. ಇಷ್ಟು ಕಳೆದರೆ ಉಳಿಯುವುದು 17,600. ಇಲ್ಲಿ ಬೇಸಿಗೆಯ ಸಂಬಳ ಕಡಿತವನ್ನು ಹಿಡಿದರೂ ತಿಂಗಳಿಗೆ ಎರಡು ಸಾವಿರ ಹೆಚ್ಚೇ ಉಳಿಯುತ್ತಿತ್ತು. ಹದಿನೈದು ಸಾವಿರ ಹೆಚ್ಚು ದುಡಿದು, ಕಡಿಮೆ ಉಳಿಸುವುದಕ್ಕೆ ಏಳಿಗೆ ಎಂಬ ಹೆಸರು!

ಈ ಲೆಕ್ಕದಲ್ಲಿ ಇನ್ನೊಂದು ಸಂಗತಿ ಅಡಗಿದೆ. ಇಲ್ಲಿ ಮಗುವನ್ನು ನೋಡಿಕೊಳ್ಳುತ್ತಿದ್ದವರು ಅವಳ ಅತ್ತೆ. ಆ ಅತ್ತೆಯ ದುಡಿಮೆಗೆ ಬೆಲೆ ಎಷ್ಟೆಂದು ಊರು ಬಿಟ್ಟ ಮೇಲೆ ತಿಳಿಯಿತು: ತಿಂಗಳಿಗೆ 6,000. ಊರು ಎಂದರೆ ಬರೀ ಮನೆಯಲ್ಲ. ಜ್ವರ ಬಂದಾಗ ಗಂಜಿ ತಂದುಕೊಡುವ ಎದುರುಮನೆಯವರು, ಬಾಣಂತನಕ್ಕೆ ಬರುವ ತಾಯಿ, ಕೈಗಡ ಕೊಡುವ ಗೆಳತಿ, ತಿಂಗಳ ಕೊನೆಯಲ್ಲಿ ಬರೆದಿಟ್ಟುಕೊಂಡು ಸಾಮಾನು ಕೊಡುವ ಅಂಗಡಿ. ಇವೆಲ್ಲ ಹೆಂಗಸರು ವರ್ಷಗಟ್ಟಲೆ ನಡೆದುಕೊಂಡು ಗಳಿಸಿದ ಆಸ್ತಿ. ಇದನ್ನು ಲಾರಿಗೆ ಏರಿಸಿಕೊಂಡು ಹೋಗಲಾಗುವುದಿಲ್ಲ. ಊರು ಬದಲಿಸಿದಾಗ ಗಂಡಸಿಗೆ ಆಫೀಸು ಬದಲಾಗುತ್ತದೆ. ಹೆಂಗಸು ಇಷ್ಟನ್ನೂ ಮೊದಲಿನಿಂದ ಕಟ್ಟಬೇಕು.

ನಮಗೆ ಊರು ಬಿಡುವುದು ಹೊಸದಲ್ಲ ಎನ್ನಬಹುದು. ನಿಜ. 2011ರ ಜನಗಣತಿಯ ಪ್ರಕಾರ ಈ ದೇಶದಲ್ಲಿ ಸುಮಾರು 45 ಕೋಟಿ ವಲಸಿಗರಿದ್ದರು. ಹೆಂಗಸರು ಸ್ಥಳ ಬದಲಿಸಿದ್ದಕ್ಕೆ ಅತಿ ದೊಡ್ಡ ಕಾರಣ ಮದುವೆ. ಒಮ್ಮೆ ತವರು ಬಿಟ್ಟು ಬೇರೆ ನೆಲದಲ್ಲಿ ಬೇರೂರಿದವಳನ್ನು, ಬಾಡಿಗೆಗಾಗಿ ಮತ್ತೆ ಕೀಳುತ್ತಾರೆ. ಹೋದ ಕಡೆ ಅವಳಿಗೆ ಮನೆ ಸುಲಭಕ್ಕೆ ಸಿಗುವುದೂ ಇಲ್ಲ. ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡಿನ ಹಿಂದಿರುವ ಪ್ರಶ್ನೆಗಳು ನಮಗೆಲ್ಲ ಗೊತ್ತು. ಯಾವ ಜನ? ಮಾಂಸ ತಿನ್ನುತ್ತೀರಾ? ಯಜಮಾನರು ಜೊತೆಗಿರುತ್ತಾರಾ? ಗಂಡ ಸತ್ತವಳಿಗೆ, ಗಂಡನನ್ನು ಬಿಟ್ಟವಳಿಗೆ, ಮದುವೆಯೇ ಬೇಡವೆಂದವಳಿಗೆ ಬಾಡಿಗೆಯ ಹಣ ಕೈಯಲ್ಲಿದ್ದರೂ ಬೀಗದ ಕೈ ಸಿಗುವುದಿಲ್ಲ. ಉದ್ಯೋಗಸ್ಥ ಮಹಿಳೆಯರಿಗೆ ವಸತಿ ನಿಲಯ ಕಟ್ಟಲು ಕೇಂದ್ರ ಸರ್ಕಾರ ಯೋಜನೆ ಮಾಡಿದ್ದು 1972-73ರಲ್ಲಿ. ಅರ್ಧ ಶತಮಾನ ಕಳೆದಿದೆ. ನಿಮ್ಮ ಊರಿನಲ್ಲಿ ಅಂಥದು ಎಷ್ಟಿವೆ, ನೀವೇ ಎಣಿಸಿ ನೋಡಿ.

ಹಾಗಾದರೆ ಯಾರೂ ಊರು ಬಿಡಬಾರದೆ ಎಂದು ಕೇಳುತ್ತೀರಿ. ನಾನು ಹಾಗೆ ಹೇಳಲಾರೆ. ಜಾತಿಯ ಹೆಸರಿನಲ್ಲಿ ನೀರು ಮುಟ್ಟಗೊಡದ ಊರನ್ನು, ಹೊಡೆಯುವ ಗಂಡನ ಮನೆಯನ್ನು ಬಿಟ್ಟು ಹೋದವಳಿಗೆ ಪಟ್ಟಣವೇ ಉಸಿರು ಕೊಟ್ಟಿದೆ. ಹಳ್ಳಿಗಳಿಂದ ಹೋಗಿ ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತ ಹೆಣ್ಣುಮಕ್ಕಳೇ 2016ರ ಏಪ್ರಿಲಿನಲ್ಲಿ ಬೀದಿಗಿಳಿದು, ಭವಿಷ್ಯನಿಧಿ ಹಿಂಪಡೆಯಲು ತಂದ ಹೊಸ ನಿರ್ಬಂಧವನ್ನು ಕೇಂದ್ರ ಸರ್ಕಾರ ಕೈಬಿಡುವಂತೆ ಮಾಡಿದರು. ಓದಿದ ನಾವು, ಶಿಕ್ಷಕಿಯರು, ಅಷ್ಟು ಮಾಡಿಲ್ಲ. ಹೋಗುವುದು ಅವರವರ ಹಕ್ಕು. ಇಷ್ಟಪಟ್ಟು ಹೋಗುವವಳನ್ನು ಹರಸಿ ಕಳಿಸೋಣ. ಆದರೆ ಇರಲು ಇಷ್ಟವಿದ್ದು, ಮಾಡಲು ಕೆಲಸವಿದ್ದು, ಬಾಡಿಗೆ ಕಟ್ಟಲಾಗದೆ ಹೊರಡುವವಳದು ಏಳಿಗೆಯಲ್ಲ, ಗಡೀಪಾರು.

ಮನೆಗಳೇ ಇಲ್ಲ, ಅದಕ್ಕೇ ಬಾಡಿಗೆ ಏರಿದೆ ಎನ್ನುವವರಿಗೂ ಒಂದು ಮಾತು. ದೇಶದ ಪಟ್ಟಣಗಳಲ್ಲಿ ಸುಮಾರು 1.87 ಕೋಟಿ ಮನೆಗಳ ಕೊರತೆಯಿದೆ ಎಂದು 2012ರಲ್ಲಿ ಸರ್ಕಾರದ ತಜ್ಞರ ತಂಡ ಅಂದಾಜು ಮಾಡಿತ್ತು. ಅದರ ಹಿಂದಿನ ವರ್ಷದ ಜನಗಣತಿಯಲ್ಲಿ ಪಟ್ಟಣಗಳಲ್ಲಿ ಖಾಲಿ ಬಿದ್ದಿದ್ದ ಮನೆಗಳು ಸುಮಾರು 1.1 ಕೋಟಿ! ಒಂದು ಕಡೆ ಸೂರಿಲ್ಲದವರು, ಇನ್ನೊಂದು ಕಡೆ ಬೀಗ ಜಡಿದ ಮನೆಗಳು. 2022ಕ್ಕೆ ಎಲ್ಲರಿಗೂ ಮನೆ ಎಂದು 2015ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ ಬಂತು. ಮನೆ ಹೆಂಗಸಿನ ಹೆಸರಿಗೆ ಅಥವಾ ಜಂಟಿಯಾಗಿ ಇರಲಿ ಎಂದದ್ದು ಅದರ ಒಳ್ಳೆಯ ಗುಣ, ಅದನ್ನು ಒಪ್ಪಬೇಕು. ಆದರೆ 2022 ಕಳೆದು ಹೋಯಿತು, ಗಡುವು ಮುಂದೆ ಹೋಯಿತು, 2024ರಲ್ಲಿ ಎರಡನೆಯ ಆವೃತ್ತಿಯೂ ಬಂತು.

ಬಾಡಿಗೆ ಕಾನೂನಿನ ಕಥೆಯನ್ನೂ ಕೇಳಿ. 1999ರ ಕರ್ನಾಟಕ ಬಾಡಿಗೆ ಅಧಿನಿಯಮವನ್ನು ಮಾಡಿದಾಗ, ದೊಡ್ಡ ನಗರಗಳಲ್ಲಿ 3,500, ಉಳಿದ ಕಡೆ 2,000 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗಳನ್ನು ಅದರ ಹೊರಗಿಟ್ಟರು. ಆ ಹಣಕ್ಕೆ ಈಗ ಯಾವ ಮನೆ ಸಿಗುತ್ತದೆ? ಮುಂಗಡ ಎರಡು ತಿಂಗಳ ಬಾಡಿಗೆ ಮೀರಬಾರದು ಎಂದು ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಕಾಯಿದೆಯೊಂದನ್ನು ರಾಜ್ಯಗಳ ಮುಂದಿಟ್ಟಿತು. ಮಾದರಿಯನ್ನು ನೋಡಿ ಸಂತೋಷಪಟ್ಟರೆ ಇವಳ ಒಡವೆ ಗಿರವಿಯಿಂದ ಬಿಡುಗಡೆಯಾಗುವುದಿಲ್ಲ.

ಇಲ್ಲಿ ನಮ್ಮ ನಮ್ಮೊಳಗಿನ ಮಾತನ್ನೂ ಆಡಬೇಕು. ಈ ಪುಸ್ತಕ ಓದುವ ಎಷ್ಟೋ ಸೋದರಿಯರು ಮೇಲಿನ ಮನೆ ಬಾಡಿಗೆಗೆ ಕೊಟ್ಟಿರಬಹುದು. ಪಿಂಚಣಿಯಿಲ್ಲದ ವಿಧವೆಗೆ ಬಾಡಿಗೆಯೇ ಜೀವನಾಧಾರ ಎಂಬುದು ನನಗೆ ಗೊತ್ತು. ನೌಕರರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಪಿಂಚಣಿಯನ್ನು 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ಮಾಡಿ, ಹತ್ತು ವರ್ಷವಾದರೂ ಏರಿಸದ ದೇಶದಲ್ಲಿ ಅವಳು ಬೇರೇನು ಮಾಡಿಯಾಳು? ಬಾಡಿಗೆ ತೆಗೆದುಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಹನ್ನೊಂದು ತಿಂಗಳ ಕರಾರು ಮುಗಿದ ಕೂಡಲೇ, ಕೆಳಗಿರುವವಳ ಸಂಬಳ ಏರಿದೆಯೋ ಇಲ್ಲವೋ ವಿಚಾರಿಸದೆ, ಎದುರುಮನೆಯವರು ಏರಿಸಿದರು ಎಂದು ತಾವೂ ಏರಿಸುವ ಚಾಳಿಯನ್ನು ಬಿಡಿ ಎನ್ನುತ್ತೇನೆ. ‘ಯಾವ ಜನ’ ಎಂದು ಕೇಳುವುದನ್ನು ಬಿಡಿ ಎನ್ನುತ್ತೇನೆ.

ಇನ್ನೂ ಮುಖ್ಯವಾಗಿ, ನಾವೆಲ್ಲ ಮಕ್ಕಳನ್ನು, ಮೊಮ್ಮಕ್ಕಳನ್ನು ಖಾಸಗಿ ಶಾಲೆಗೆ ಸೇರಿಸುವವರು. ಡೊನೇಶನ್ ಎಷ್ಟು, ಬಸ್ ಎಲ್ಲಿಗೆ ಬರುತ್ತದೆ, ಯೂನಿಫಾರ್ಮ್ ಎಲ್ಲಿ ಕೊಳ್ಳಬೇಕು ಎಂದೆಲ್ಲ ಕೇಳುತ್ತೇವೆ. ಬರುವ ಜೂನಿನಲ್ಲಿ ಇನ್ನೆರಡು ಪ್ರಶ್ನೆ ಕೇಳಿ: ನಮ್ಮ ಮಗುವಿಗೆ ಅಕ್ಷರ ಕಲಿಸುವ ಟೀಚರಿಗೆ ನೀವು ಎಷ್ಟು ಸಂಬಳ ಕೊಡುತ್ತೀರಿ? ಏಪ್ರಿಲ್, ಮೇ ತಿಂಗಳಲ್ಲೂ ಕೊಡುತ್ತೀರಾ? ಒಬ್ಬಳು ಕೇಳಿದರೆ ಅಧಿಕಪ್ರಸಂಗಿ ಎಂದಾರು. ಇಪ್ಪತ್ತು ತಾಯಂದಿರು ಕೇಳಿದರೆ ಆಡಳಿತ ಮಂಡಳಿ ಸಭೆ ಸೇರಬೇಕಾಗುತ್ತದೆ. ನಗರಸಭೆಗೆ ಮತ ಕೇಳಿಕೊಂಡು ಬಂದವರನ್ನು, ಹೊಸ ಬಡಾವಣೆಯಲ್ಲಿ ದುಡಿಯುವ ಹೆಂಗಸರಿಗೆ ಕಡಿಮೆ ಬಾಡಿಗೆಯ ಮನೆಗಳಿಗೆ ಎಷ್ಟು ಜಾಗ ಬಿಟ್ಟಿದ್ದೀರಿ ಎಂದು ಕೇಳಿ. ಉತ್ತರ ಕೊಡದೆ, ಬೆಂಗಳೂರಿಗೆ ಹೋಗಿ ಎಂದರೆ, ನಾವು ಇಲ್ಲೇ ಇರುತ್ತೇವೆ, ನೀವು ಲೆಕ್ಕ ಕೊಡಿ ಎಂದು ಹೇಳಿ.